ಜುಲೈ ತಿಂಗಳ ಚಾಂಪಿಯನ್ನರು

ಜುಲೈ ತಿಂಗಳಲ್ಲಿ ನೆಬ್ರಾಸ್ಕ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡವನ್ನು ಸೋಲಿಸುವ ಗಂಡು ಇನ್ನೂ ಹುಟ್ಟಿಲ್ಲ. ಆಗಸ್ಟ್‌ನಲ್ಲೂ ಹಾಗೇ ಇತ್ತು. ಯಾರೋ ಪುಣ್ಯಾತ್ಮರು ಸೀಸನ್ನನ್ನು ಆಗಸ್ಟ್ ಕೊನೆಗೇ ಶುರು ಮಾಡುವ ಏರ್ಪಾಟು ಮಾಡಿದರು ನೋಡಿ, ಅಲ್ಲಿಗೆ ಕೆಟ್ಟಿತು. 2021, 2022, 2023, ಮೂರೂ ವರ್ಷ ಮೊದಲ ಪಂದ್ಯ ಆಗಸ್ಟ್‌ನಲ್ಲೇ ಬಂತು. ಮೂರನ್ನೂ ಸೋತರು. ಈಗ ಗ್ಯಾರಂಟಿ ಅಂತ ಉಳಿದಿರುವುದು ಜುಲೈ ಒಂದೇ.

ಇದು ನಮ್ಮ ಕಾಲ್ಚೆಂಡಲ್ಲ. ಹೆಲ್ಮೆಟ್ ಹಾಕಿಕೊಂಡು, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಅಮೆರಿಕನ್ ಫುಟ್‌ಬಾಲ್. ಆಡುವವರು ಕಾಲೇಜು ಹುಡುಗರು. ಕಾಲೇಜು ಹುಡುಗರ ಆಟ ತಾನೇ ಅಂತ ಹಗುರವಾಗಿ ಮಾತಾಡಿದರೆ ನೆಬ್ರಾಸ್ಕದಲ್ಲಿ ನಿಮಗೆ ಯಾರೂ ಊಟಕ್ಕೆ ಕರೆಯುವುದಿಲ್ಲ. ಇಡೀ ರಾಜ್ಯದ ಜನಸಂಖ್ಯೆ ಸುಮಾರು 20 ಲಕ್ಷ. ಕಣ್ಣು ಹಾಯಿಸಿದಷ್ಟೂ ಮುಸುಕಿನ ಜೋಳ. ವೃತ್ತಿಪರ ಫುಟ್‌ಬಾಲ್ ತಂಡ ಒಂದೂ ಇಲ್ಲ. ಹೀಗಾಗಿ ಲಿಂಕನ್ ಊರಿನ ಕಾಲೇಜು ತಂಡವೇ ತಾಯಿ, ತಂದೆ, ಬಂಧು, ಬಳಗ. ಶನಿವಾರ ಪಂದ್ಯವಿದ್ದರೆ ಅಲ್ಲಿನ ಮೆಮೋರಿಯಲ್ ಸ್ಟೇಡಿಯಂ ರಾಜ್ಯದ ಮೂರನೇ ದೊಡ್ಡ ಊರಾಗಿಬಿಡುತ್ತದೆ.

ಒಂದು ಕಾಲದಲ್ಲಿ ಇವರು ನಿಜಕ್ಕೂ ದೊಡ್ಡವರೇ. 1970, 1971, 1994, 1995, 1997ರಲ್ಲಿ ದೇಶಕ್ಕೇ ಚಾಂಪಿಯನ್ನರು. ತಮ್ಮ ಲೀಗ್ ಗೆದ್ದಿದ್ದು ಕೊನೆಯ ಸಲ 1999ರಲ್ಲಿ. ಈಗ ಮೈದಾನಕ್ಕಿಳಿಯುವ ಹುಡುಗರು ಆಗ ಹುಟ್ಟಿರಲಿಲ್ಲ. ಅಂದರೆ ನೆನಪು ಅಜ್ಜಂದಿರದ್ದು, ಮೊಣಕಾಲು ಮೊಮ್ಮಕ್ಕಳದ್ದು.

ಸೋತರೂ ಟಿಕೆಟ್ ಮಾತ್ರ ಖಾಲಿ. 1962ರ ನವೆಂಬರ್‌ನಿಂದ ಇವತ್ತಿನವರೆಗೆ ಲಿಂಕನ್‌ನಲ್ಲಿ ನಡೆದ ಪ್ರತಿ ಪಂದ್ಯದ ಪ್ರತಿ ಟಿಕೆಟ್ಟೂ ಮಾರಾಟವಾಗಿದೆ ಎನ್ನುವುದು ಅವರ ದೊಡ್ಡ ಹೆಮ್ಮೆ. 400 ಪಂದ್ಯ ದಾಟಿದೆ. ನಡುವೆ ಕೆಲವು ವರ್ಷ ಟಿಕೆಟ್ ಮಿಗುವ ಲಕ್ಷಣ ಕಂಡಾಗ, ದುಡ್ಡಿದ್ದ ಅಭಿಮಾನಿಗಳು ಮಿಕ್ಕಿದ್ದನ್ನು ಸಾವಿರಗಟ್ಟಲೆ ಕೊಂಡು ಬಡ ಮಕ್ಕಳಿಗೆ ಹಂಚಿಸಿದರು. ದಾಖಲೆ ಉಳಿಯಿತು. ಸೋಲು ಅಂದರೇನು ಅಂತ ಮಕ್ಕಳಿಗೂ ಬೇಗ ಗೊತ್ತಾಯಿತು. ಒಂದೇ ಏಟಿಗೆ ಎರಡು ಸಮಾಜಸೇವೆ.

ಸೀಸನ್‌ಗೆ ಮುಂಚಿನ ತಿಂಗಳುಗಳಲ್ಲಿ ಕೇಳಿಸುವ ಮಾತು ಪ್ರತಿ ವರ್ಷ ಒಂದೇ. ಹುಡುಗರು ಜಿಮ್‌ನಲ್ಲಿ ಬೆವರು ಸುರಿಸಿದ್ದಾರೆ. ಮುಂದಿನ ಸಾಲಲ್ಲಿ ನಿಂತು ಎದುರಾಳಿಯನ್ನು ತಡೆಯುವ ಲೈನ್‌ಮನ್‌ಗಳು ದಪ್ಪ ಆಗಿದ್ದಾರೆ, ಆದರೆ ಅದು ಕೊಬ್ಬಲ್ಲ, ಸ್ನಾಯು. ತಂಡದ ಕಲ್ಚರ್ ಬದಲಾಗಿದೆ. ಈ ಕಲ್ಚರ್ ಎಷ್ಟು ಸಲ ಬದಲಾಗಿದೆಯೆಂದರೆ ಅದಕ್ಕೇ ತಲೆ ಸುತ್ತು ಬಂದಿರಬೇಕು. ಕಳೆದ ವರ್ಷದ ಸೋಲುಗಳಲ್ಲಿ ನಾಲ್ಕು ನಮ್ಮ ಕೈಲಿದ್ದವೇ, ಅಂಪೈರ್ ಸರಿ ಇರಲಿಲ್ಲ, ಗಾಳಿ ಸರಿ ಇರಲಿಲ್ಲ. ಅವನ್ನು ಗೆಲುವಿನ ಕಡೆ ಬರೆದುಕೊಂಡರೆ ನಾವು ಚಾಂಪಿಯನ್ನರೇ ಅಲ್ವಾ? ನಗಬೇಡಿ. 18 ವರ್ಷ ಈ ಸಲ ಕಪ್ ನಮ್ದೇ ಅಂತ ಕೂಗಿ 2025ರಲ್ಲಿ ಕೊನೆಗೂ ಕಪ್ ನೋಡಿದ ಆರ್‌ಸಿಬಿ ಅಭಿಮಾನಿಗಳು ನಾವು. ಆದರೆ ನಮ್ಮ ಕೂಗಿಗೆ ಯಾವ ವಿಶ್ವವಿದ್ಯಾಲಯವೂ ಚೆಕ್ ಬರೆಯಲಿಲ್ಲ. ಅಲ್ಲಿ ಬರೆಯುತ್ತಾರೆ.

ಚೆಕ್ಕಿನ ಕಥೆ ಶುರುವಾಗುವುದು 2003ರಲ್ಲಿ. ಆಗಿನ ಕೋಚ್ ಫ್ರಾಂಕ್ ಸೋಲಿಚ್. 25 ವರ್ಷ ತಂಡ ನಡೆಸಿ, ಆಮೇಲೆ ಅಮೆರಿಕದ ಕಾಂಗ್ರೆಸ್ಸಿಗೂ ಆರಿಸಿ ಹೋದ ಟಾಮ್ ಆಸ್‌ಬಾರ್ನ್ ಅವರೇ ಕೈಹಿಡಿದು ಕೂರಿಸಿದ ಉತ್ತರಾಧಿಕಾರಿ. ಆ ವರ್ಷ 9 ಗೆಲುವು, 3 ಸೋಲು. ಮನೆಗೆ ಕಳಿಸಿದರು. ತಂಡ ಸಾಧಾರಣ ಮಟ್ಟಕ್ಕೆ ಜಾರುವುದನ್ನು ನೋಡಿಕೊಂಡು ಸುಮ್ಮನಿರುವುದಿಲ್ಲ, ಟೆಕ್ಸಸ್ ಮತ್ತು ಒಕ್ಲಹೋಮ ತಂಡಗಳ ಕೈಗೆ ನಮ್ಮ ಲೀಗನ್ನು ಒಪ್ಪಿಸುವುದಿಲ್ಲ ಎಂದು ಕ್ರೀಡಾ ನಿರ್ದೇಶಕರು ಘೋಷಿಸಿದರು. ಮುಂದಿನ ವರ್ಷ ಹೊಸ ಕೋಚ್ ಬಂದರು. 5 ಗೆಲುವು, 6 ಸೋಲು. ಗೆಲುವಿಗಿಂತ ಸೋಲು ಹೆಚ್ಚಾಗಿದ್ದು 1961ರ ನಂತರ ಅದೇ ಮೊದಲು. ಸಾಧಾರಣ ಮಟ್ಟಕ್ಕೆ ಜಾರಲು ಬಿಡುವುದಿಲ್ಲ ಅಂದಿದ್ದರು, ಮಾತಿಗೆ ತಪ್ಪಲಿಲ್ಲ. ಅದನ್ನೂ ದಾಟಿಸಿ ಕೆಳಗೆ ಒಯ್ದರು.

ಲೀಗ್? 2011ರಲ್ಲಿ ನೆಬ್ರಾಸ್ಕವೇ ಅದನ್ನು ಬಿಟ್ಟು ಬಿಗ್ ಟೆನ್ ಎಂಬ ಇನ್ನೊಂದು ಲೀಗಿಗೆ ಹೊರಟುಹೋಯಿತು. 2024ರಲ್ಲಿ ಟೆಕ್ಸಸ್, ಒಕ್ಲಹೋಮ ಕೂಡ ಅದನ್ನು ಬಿಟ್ಟವು. ಕಿತ್ತಾಡಿದ ಆಸ್ತಿಯಲ್ಲಿ ಈಗ ಮೂವರೂ ಇಲ್ಲ. ಅಂದ ಹಾಗೆ ಬಿಗ್ ಟೆನ್‌ನಲ್ಲಿರುವ ತಂಡಗಳು 18. ಈ ಲೆಕ್ಕವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಸೋಲಿಚ್ ಏನಾದರು? ಒಹಾಯೋ ವಿಶ್ವವಿದ್ಯಾಲಯಕ್ಕೆ ಹೋದರು. 2005ರಿಂದ 2020ರವರೆಗೆ, 16 ಸೀಸನ್, ಒಂದೇ ಕುರ್ಚಿಯಲ್ಲಿ ನೆಮ್ಮದಿಯಾಗಿ ಕೂತು ಗೆಲ್ಲುತ್ತಾ ಇದ್ದರು. ಅಷ್ಟರಲ್ಲಿ ಲಿಂಕನ್‌ನಲ್ಲಿ ನಾಲ್ಕು ಕೋಚ್‌ಗಳು ಬಂದಿದ್ದರು. ಅದರಲ್ಲಿ ಬೋ ಪೆಲಿನಿ ಎಂಬಾತ ಏಳು ವರ್ಷ ಇದ್ದು ಪ್ರತಿ ವರ್ಷವೂ ಕನಿಷ್ಠ 9 ಪಂದ್ಯ ಗೆದ್ದರು. 9 ಗೆದ್ದರೆ ಸಾಲದು ಅಂತ 2014ರಲ್ಲಿ ಅವರನ್ನೂ ಕಳಿಸಿದರು. ನಂತರ ಬಂದ ಮೈಕ್ ರೈಲಿ ಮೂರು ವರ್ಷದಲ್ಲಿ 19 ಗೆದ್ದು 19 ಸೋತರು. ತಕ್ಕಡಿ ಹಿಡಿದು ತೂಗಿದಂತಿತ್ತು. ಅವರನ್ನೂ ಕಳಿಸಿದರು.

ಆಮೇಲೆ ಬಂದ ಸ್ಕಾಟ್ ಫ್ರಾಸ್ಟ್ ವಿಷಯದಲ್ಲಿ ರಾಜ್ಯಕ್ಕೆ ರಾಜ್ಯವೇ ಹುಚ್ಚೆದ್ದಿತು. ಆತ ಊರ ಹುಡುಗ. ವುಡ್ ರಿವರ್ ಎಂಬ ಪುಟ್ಟ ಊರಿನವರು, 1997ರ ಚಾಂಪಿಯನ್ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಹಿಡಿದು ಆಟ ನಡೆಸುವವರು. 2017ರಲ್ಲಿ ಸೆಂಟ್ರಲ್ ಫ್ಲಾರಿಡಾ ತಂಡದ ಕೋಚ್ ಆಗಿ ಒಂದೂ ಪಂದ್ಯ ಸೋತಿರಲಿಲ್ಲ. 7 ವರ್ಷಕ್ಕೆ 3.5 ಕೋಟಿ ಡಾಲರ್ ಕಾಂಟ್ರಾಕ್ಟ್ ಕೊಟ್ಟು ಕರೆತಂದರು. ಬಂದ ವರ್ಷ ಮೊದಲ ಆರು ಪಂದ್ಯಗಳನ್ನೂ ಸೋತರು. ಪರವಾಗಿಲ್ಲ, ಹೊಸದಲ್ವಾ. ನಾಲ್ಕನೇ ವರ್ಷ, ಅಂದರೆ 2021ರಲ್ಲಿ, 3 ಗೆಲುವು, 9 ಸೋಲು. ಆ ಒಂಬತ್ತೂ ಸೋಲು 9 ಪಾಯಿಂಟ್ ಅಥವಾ ಅದಕ್ಕೂ ಕಡಿಮೆ ಅಂತರದ್ದು. ಅಭಿಮಾನಿಗಳಿಗೆ ಇದರಿಂದ ದುಃಖವಾಗಲಿಲ್ಲ, ಲೆಕ್ಕ ಸಿಕ್ಕಿತು. ಒಂಬತ್ತು ಪಂದ್ಯ ಸೋತ ತಂಡಗಳಲ್ಲಿ ನಮ್ಮಷ್ಟು ಒಳ್ಳೆಯ ತಂಡ ಇತಿಹಾಸದಲ್ಲೇ ಇಲ್ಲ!

2022ರ ಆಗಸ್ಟ್ 27. ಪಂದ್ಯ ಐರ್ಲೆಂಡಿನ ಡಬ್ಲಿನ್‌ನಲ್ಲಿ. ಲಿಂಕನ್‌ನಲ್ಲಿ ಸೋಲಬಹುದಾದ ಪಂದ್ಯಕ್ಕೆ ಸಮುದ್ರ ದಾಟಿ ಯಾಕೆ ಹೋದರು ಅಂತ ಕೇಳಬೇಡಿ. ಎದುರಾಳಿ ನಾರ್ತ್‌ವೆಸ್ಟರ್ನ್. ಮೂರನೇ ಕ್ವಾರ್ಟರ್‌ನಲ್ಲಿ ನೆಬ್ರಾಸ್ಕ 28-17ರಿಂದ ಮುಂದಿತ್ತು. ಮುಂದಿರುವವರು ಸಾಮಾನ್ಯವಾಗಿ ಚೆಂಡನ್ನು ದೂರ ಒದ್ದು ಸುಮ್ಮನಾಗುತ್ತಾರೆ. ಫ್ರಾಸ್ಟ್ ಸಾಹೇಬರಿಗೆ ಬುದ್ಧಿವಂತಿಕೆ ಉಕ್ಕಿತು. ಹತ್ತಿರಕ್ಕೇ ಒದೆಸಿ ಚೆಂಡು ಮತ್ತೆ ತಾವೇ ಕಿತ್ತುಕೊಳ್ಳುವ ಆನ್‌ಸೈಡ್ ಕಿಕ್ ಹೂಡಿದರು. ಚೆಂಡು ನಾರ್ತ್‌ವೆಸ್ಟರ್ನ್ ಕೈಗೆ ಸಿಕ್ಕಿತು. ಪಂದ್ಯವೂ ಸಿಕ್ಕಿತು, 31-28. ಆ ವರ್ಷ ನಾರ್ತ್‌ವೆಸ್ಟರ್ನ್ ಮಿಕ್ಕ ಹನ್ನೊಂದು ಪಂದ್ಯಗಳನ್ನೂ ಸೋತಿತು. ಅಮೆರಿಕದ ನೆಲದಲ್ಲಿ ಒಂದನ್ನೂ ಗೆಲ್ಲಲಾಗದ ತಂಡಕ್ಕೆ ನೆಬ್ರಾಸ್ಕ ಐರ್ಲೆಂಡಿಗೆ ಹೋಗಿ ಗೆಲುವು ಕೊಟ್ಟು ಬಂತು. ಆ ದಿನ ಸ್ಟೇಡಿಯಂನಲ್ಲಿ ಇಂಟರ್ನೆಟ್ ಕೈಕೊಟ್ಟು ಕಾರ್ಡ್ ಯಂತ್ರಗಳು ನಿಂತುಹೋಗಿ ಬಿಯರ್ ಪುಕ್ಕಟೆ ಹಂಚಿದರಂತೆ. ನೆಬ್ರಾಸ್ಕದ ಅಭಿಮಾನಿಗಳಿಗೆ ದೇವರು ಆ ಪಂದ್ಯದಲ್ಲಿ ಮಾಡಿದ ಉಪಕಾರ ಅದೊಂದೇ.

ಅಸಲಿ ಆಟ ನಡೆದದ್ದು ಅದಾದ ಮೇಲೆ. ಫ್ರಾಸ್ಟ್ ಅವರನ್ನು ಅಕ್ಟೋಬರ್ 1ಕ್ಕೆ ಮುಂಚೆ ತೆಗೆದರೆ 1.5 ಕೋಟಿ ಡಾಲರ್ ಪರಿಹಾರ ಕೊಡಬೇಕು, ಆಮೇಲೆ ತೆಗೆದರೆ ಅರ್ಧ, ಎಂದು ಕಾಂಟ್ರಾಕ್ಟಿನಲ್ಲಿತ್ತು. ಸೆಪ್ಟೆಂಬರ್ 10ರಂದು ಜಾರ್ಜಿಯಾ ಸದರ್ನ್ ಎಂಬ ಚಿಕ್ಕ ತಂಡದೆದುರು ಸ್ವಂತ ಮೈದಾನದಲ್ಲೇ 45-42ರಿಂದ ಸೋತರು. 11ನೇ ತಾರೀಕು ಕೆಲಸದಿಂದ ತೆಗೆದರು. ಇನ್ನು 20 ದಿನ ಹಲ್ಲುಕಚ್ಚಿ ತಡೆದುಕೊಂಡಿದ್ದರೆ 75 ಲಕ್ಷ ಡಾಲರ್ ಉಳಿಯುತ್ತಿತ್ತು. ನಮ್ಮ ದುಡ್ಡಲ್ಲಿ ಸುಮಾರು 60 ಕೋಟಿ. ಅಂದರೆ ಒಬ್ಬ ಮನುಷ್ಯನ ಮುಖ ಒಂದು ದಿನ ನೋಡದೇ ಇರುವುದಕ್ಕೆ 3 ಕೋಟಿ ರೂಪಾಯಿ. ಇದಕ್ಕಿಂತ ದುಬಾರಿ ಸಿಟ್ಟನ್ನು ಜಮೀನ್ದಾರರೂ ಮಾಡಿಕೊಂಡಿರಲಿಕ್ಕಿಲ್ಲ. ಫ್ರಾಸ್ಟ್ ಈಗ ಮತ್ತೆ ಸೆಂಟ್ರಲ್ ಫ್ಲಾರಿಡಾದಲ್ಲಿದ್ದಾರೆ. ಇಷ್ಟರಿಂದ ನೀವು ಕಲಿತ ಪಾಠವೇನು ಅಂದಾಗ, ತಪ್ಪು ಕೆಲಸಕ್ಕೆ ಸೇರಬಾರದು ಎಂಬರ್ಥದ ಮಾತು ಹೇಳಿದರು. ಅಷ್ಟು ದುಡ್ಡು ಕೊಡುವ ತಪ್ಪು ಕೆಲಸ ಇನ್ನೆಲ್ಲಾದರೂ ಖಾಲಿ ಇದ್ದರೆ ನಮಗೂ ತಿಳಿಸಿ ಸ್ವಾಮಿ.

ಹಾಗಂತ ನೆಬ್ರಾಸ್ಕವೊಂದೇ ಅಲ್ಲ. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯ 2023ರಲ್ಲಿ ಜಿಂಬೊ ಫಿಶರ್ ಅವರನ್ನು ಮನೆಯಲ್ಲಿ ಕೂರಿಸುವುದಕ್ಕೆ ಒಪ್ಪಿಕೊಂಡ ಮೊತ್ತ 7.5 ಕೋಟಿ ಡಾಲರಿಗೂ ಹೆಚ್ಚು. ಆ ದೇಶದಲ್ಲಿ ಕೆಲಸ ಚೆನ್ನಾಗಿ ಮಾಡಿದವರಿಗೆ ಸಂಬಳ ಬರುತ್ತದೆ. ಚೆನ್ನಾಗಿ ಮಾಡದವರಿಗೆ ಸಂಬಳ ಒಟ್ಟಿಗೇ ಬರುತ್ತದೆ.

ಈಗಿನ ಕೋಚ್ ಮ್ಯಾಟ್ ರೂಲ್. ಬಂದದ್ದು 2022ರ ಕೊನೆಗೆ, 8 ವರ್ಷಕ್ಕೆ 7.4 ಕೋಟಿ ಡಾಲರ್. ಇವರ ಬಗ್ಗೆ ಒಂದು ಜಾತಕವಿತ್ತು. ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷ 2 ಗೆಲುವು, ಮೂರನೇ ವರ್ಷ 10. ಬೇಲರ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷ 1, ಮೂರನೇ ವರ್ಷ 11. ಮೂರನೇ ಮನೆಯಲ್ಲಿ ಗುರು ಬಲವಾಗಿದ್ದಾನೆ ಎಂದು ಎಲ್ಲರೂ ನಂಬಿದರು. ವೃತ್ತಿಪರ ಲೀಗಿನಲ್ಲಿ ಕ್ಯಾರೊಲೈನಾ ತಂಡದ ಜೊತೆ 11 ಗೆದ್ದು 27 ಸೋತು, ಮೂರನೇ ವರ್ಷದ ನಡುವೆಯೇ ಕೆಲಸ ಕಳೆದುಕೊಂಡಿದ್ದನ್ನು ಜ್ಯೋತಿಷ್ಯದಲ್ಲಿ ಹಿಡಿಯಲಿಲ್ಲ. ನೆಬ್ರಾಸ್ಕದಲ್ಲಿ ಮೊದಲ ವರ್ಷ 5-7, ಅಂದರೆ 5 ಗೆಲುವು, 7 ಸೋಲು. ಎರಡನೇ ವರ್ಷ 7-6, ಏಳು ವರ್ಷದ ಬರ ಮುಗಿದು ಸೀಸನ್ ಕೊನೆಗೆ ಸಾಕಷ್ಟು ಗೆದ್ದ ತಂಡಗಳಿಗೆ ಸಿಗುವ ಬೌಲ್ ಪಂದ್ಯ ಕೊನೆಗೂ ಒಂದು ಸಿಕ್ಕಿತು, ಅದನ್ನು ಗೆದ್ದರು. ಊರಲ್ಲಿ ಹಬ್ಬ. ಮೂರನೇ ವರ್ಷ, 2025, ಎಲ್ಲರೂ ಕಾದಿದ್ದ ವರ್ಷ. ಅದೂ 7-6.

ಆ ಮೂರನೇ ವರ್ಷದ ಅಕ್ಟೋಬರ್‌ನಲ್ಲಿ ಒಂದು ತಮಾಷೆ ನಡೆಯಿತು. ಪೆನ್ ಸ್ಟೇಟ್ ವಿಶ್ವವಿದ್ಯಾಲಯ ತನ್ನ ಕೋಚನ್ನು ತೆಗೆದುಹಾಕಿತು. ರೂಲ್ ಅಲ್ಲೇ ಓದಿದವರು. ಎಲ್ಲಿ ಹಾರಿಸಿಕೊಂಡು ಹೋಗುತ್ತಾರೋ ಎಂದು ಹೆದರಿದ ನೆಬ್ರಾಸ್ಕ, ಸೀಸನ್ ಮುಗಿಯುವ ಮುಂಚೆಯೇ ಕಾಂಟ್ರಾಕ್ಟನ್ನು 2032ರವರೆಗೆ ಎಳೆದು ಸಹಿ ಹಾಕಿಸಿತು. ಸಹಿಯ ಮಸಿ ಒಣಗಿದ ಮೇಲೆ ತಂಡ ಆಡಿದ್ದು ಐದು ಪಂದ್ಯ, ಗೆದ್ದಿದ್ದು ಒಂದು. ಸೋತ ನಾಲ್ಕರಲ್ಲಿ ಒಂದು, ಯಾರ ಭಯಕ್ಕೆ ಸಹಿ ಹಾಕಿದರೋ ಅದೇ ಪೆನ್ ಸ್ಟೇಟ್ ಎದುರು. 37-10. ಅವರಿಗೆ ಆಗ ಹಂಗಾಮಿ ಕೋಚ್ ಮಾತ್ರ ಇದ್ದರು.

ಕಳ್ಳರ ಭಯ ಹೊಸದೇನಲ್ಲ. ಏಪ್ರಿಲ್ ಬಂದರೆ ತಂಡ ತನ್ನೊಳಗೇ ಎರಡು ಪಾಲಾಗಿ ಆಡುವ ಸ್ಪ್ರಿಂಗ್ ಗೇಮ್ ಅಲ್ಲಿನ ಜಾತ್ರೆ. ನೆಬ್ರಾಸ್ಕ ಖಂಡಿತ ಗೆಲ್ಲುತ್ತದೆ ಎಂದು ಧೈರ್ಯವಾಗಿ ಹೇಳಬಹುದಾದ ಏಕೈಕ ಪಂದ್ಯ. 2025ರಲ್ಲಿ ಅದನ್ನೂ ಮಾಮೂಲಿನಂತೆ ಆಡಿಸಲಿಲ್ಲ. ಈಗ ಆಟಗಾರರು ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ ಹೆಸರು ಬರೆಸಿ ಬೇರೆ ಕಾಲೇಜಿಗೆ ಹೋಗಬಹುದು, ದುಡ್ಡೂ ಪಡೆಯಬಹುದು. ಒಳ್ಳೆಯ ಹುಡುಗರನ್ನು ಟಿವಿಯಲ್ಲಿ ತೋರಿಸಿದರೆ ಬೇರೆಯವರ ಕಣ್ಣು ಬೀಳುತ್ತದೆ ಎಂಬ ಆತಂಕ. ನವೆಂಬರ್‌ನಲ್ಲಿ ನೋಡಿದ ಮೇಲೆ ಆ ಆತಂಕ ಎಷ್ಟು ಜನಕ್ಕೆ ಉಳಿದಿತ್ತೋ.

ಇದೇ ಸ್ಟೇಡಿಯಂ 2023ರ ಆಗಸ್ಟ್ 30ರಂದು ಕಿಕ್ಕಿರಿದು ತುಂಬಿತ್ತು. 92,003 ಜನ. ಅದು ಹೆಣ್ಣುಮಕ್ಕಳ ಕ್ರೀಡೆಗೆ ವಿಶ್ವದಾಖಲೆ ಎಂದು ಸುದ್ದಿಯಾಯಿತು. ಆಡಿದ್ದು ಅದೇ ವಿಶ್ವವಿದ್ಯಾಲಯದ ಮಹಿಳಾ ವಾಲಿಬಾಲ್ ತಂಡ, ಐದು ಸಲ ರಾಷ್ಟ್ರ ಚಾಂಪಿಯನ್ನರಾದ ತಂಡ. ಸುಲಭವಾಗಿ ಗೆದ್ದರು. ಮರುದಿನವೇ ಗಂಡುಮಕ್ಕಳು ಮಿನೆಸೋಟಕ್ಕೆ ಹೋಗಿ 13-10ರಲ್ಲಿ ಸೋತು ಎಲ್ಲವನ್ನೂ ಯಥಾಸ್ಥಿತಿಗೆ ತಂದರು.

ಇನ್ನು ಬಲೂನಿನ ವಿಷಯ. ತಂಡ ಮೊದಲ ಸಲ ಅಂಕ ಗಳಿಸಿದ ತಕ್ಷಣ ಸಾವಿರಾರು ಕೆಂಪು ಬಲೂನ್ ಹಾರಿಸುವುದು ಅಲ್ಲಿನ ವಾಡಿಕೆಯಾಗಿತ್ತು. 2022ರಲ್ಲಿ ಹೀಲಿಯಂ ಕೊರತೆ ಬಂದು, ಇದ್ದದ್ದು ಆಸ್ಪತ್ರೆಗೆ ಬೇಕು ಅಂತ ನಿಲ್ಲಿಸಿದರು. ಈ ಇಡೀ ಕಥೆಯಲ್ಲಿ ಒಬ್ಬರು ಖರ್ಚಿನ ಬಗ್ಗೆ ಯೋಚಿಸಿ ತೆಗೆದುಕೊಂಡ ತೀರ್ಮಾನ ನನಗೆ ಕಂಡಿದ್ದು ಇದೊಂದೇ.

ಅಲ್ಲ, ಇನ್ನೊಂದಿದೆ. ಕೋಚ್ ಕಾಂಟ್ರಾಕ್ಟ್ ಎಳೆದ ಮೇಲೆ, 2025ರ ಡಿಸೆಂಬರ್‌ನಲ್ಲಿ, ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಸಭೆ ಸೇರಿತು. ಲಿಂಕನ್ ಕ್ಯಾಂಪಸ್ಸಿನ ಬಜೆಟ್ಟಿನಲ್ಲಿ 2.75 ಕೋಟಿ ಡಾಲರ್ ಕೊರತೆ. ತುಂಬಿಸಲು ನಾಲ್ಕು ವಿಭಾಗ ಮುಚ್ಚಲು ಒಪ್ಪಿಗೆ ಕೊಟ್ಟರು. ಅದರಲ್ಲಿ ಒಂದು ಸಂಖ್ಯಾಶಾಸ್ತ್ರ. ಅಂದರೆ ಸ್ಟ್ಯಾಟಿಸ್ಟಿಕ್ಸ್ ಡಿಪಾರ್ಟ್‌ಮೆಂಟ್. 18 ತಂಡದ ಲೀಗಿಗೆ ಬಿಗ್ ಟೆನ್ ಎನ್ನುವ, 7-6 ಆದ ಮೇಲೆ 7-6 ಬಂದರೆ ಪ್ರಗತಿ ಎನ್ನುವ ಜಾಗದಲ್ಲಿ ಆ ವಿಭಾಗ ಮೊದಲೇ ಕಿರಿಕಿರಿ ಆಗಿದ್ದಿರಬೇಕು.

ಫುಟ್‌ಬಾಲ್ ದುಡ್ಡೇ ಬೇರೆ, ಪಾಠದ ದುಡ್ಡೇ ಬೇರೆ, ಕ್ರೀಡಾ ವಿಭಾಗ ತನ್ನ ಖರ್ಚು ತಾನೇ ನೋಡಿಕೊಳ್ಳುತ್ತದೆ ಎಂದು ಹೇಳುತ್ತಾರೆ. ಹೌದು, ಜೇಬು ಬೇರೆ. ಪ್ಯಾಂಟು ಒಂದೇ.

ಹೊಸ ಸೀಸನ್ ಹತ್ತಿರ ಬಂತು. ಹುಡುಗರು ಜಿಮ್‌ನಲ್ಲಿದ್ದಾರೆ, ಕಲ್ಚರ್ ಇನ್ನೊಮ್ಮೆ ಬದಲಾಗುತ್ತಿದೆ. ಮೂರನೇ ವರ್ಷದ ಜಾತಕ ಹರಿದುಹೋದರೂ, ನಾಲ್ಕನೇ ವರ್ಷಕ್ಕೆ ಯಾರಾದರೂ ಹೊಸದು ಬರೆಯುತ್ತಾರೆ. ಸಂಖ್ಯಾಶಾಸ್ತ್ರದ ಮೇಷ್ಟ್ರುಗಳನ್ನು ಕೋಟಿಗಟ್ಟಲೆ ಡಾಲರ್ ಕೊಟ್ಟು ಕಳಿಸುವ ಪದ್ಧತಿ ಮಾತ್ರ ಅಲ್ಲಿ ಇನ್ನೂ ಬಂದಿಲ್ಲ. ಪಾಪ, ಲಿಂಕನ್‌ನಲ್ಲಿ ಒಂಬತ್ತು ಪಂದ್ಯ ಸೋತು ತೋರಿಸುವ ಅವಕಾಶ ಅವರಿಗೆ ಯಾರೂ ಕೊಡಲಿಲ್ಲ.