ಗಲ್ಲದ ಮೇಲೆ ಗೊರಬಲು

ಶೇವಿಂಗ್ ಬ್ರಷ್ ಅಂದ್ರೆ ಬ್ಯಾಜರ್ ಕೂದಲಿನದ್ದೇ ಆಗಬೇಕು ಅನ್ನುವವರನ್ನು ಆಷಾಢದಲ್ಲಿ ಒಂದು ವಾರ ತೀರ್ಥಹಳ್ಳಿ ಕಡೆ ತಂದು ಬಿಡಬೇಕು. ಬ್ಯಾಜರ್ ಅನ್ನೋದು ನೆಲ ಬಗೆದು ಬಿಲದಲ್ಲಿರುವ ಒಂದು ಪ್ರಾಣಿ. ಅದರ ಕೂದಲು ನೀರನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೇ ಅಷ್ಟು ಬೆಲೆ. ಸರಿ. ಆದರೆ ನಮ್ಮಲ್ಲಿ ಮಳೆಗಾಲದಲ್ಲಿ ನೀರು ಹಿಡಿದಿಟ್ಟುಕೊಳ್ಳದ ವಸ್ತು ಯಾವುದಿದೆ? ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ. ನಾವು ಅಲ್ಲಿಂದ ಸ್ವಲ್ಪ ಈಚೆ, ಅಷ್ಟೆ. ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಮದುವೆ ಆಲ್ಬಮ್ಮಿಗೂ ಬೂಷ್ಟು.

ಈ ಬ್ರಷ್ ನಮ್ಮನೆಗೆ ಬಂದದ್ದು ಅಕ್ಕನ ಮಗನ ಜೊತೆ. ಬೆಂಗಳೂರಿನ ಹುಡುಗ. ಮಳೆ ನೋಡಿಕೊಂಡು ಇಲ್ಲಿಂದಲೇ ಕೆಲಸ ಮಾಡ್ತೀನಿ ಅಂತ ಬಂದ. ಕರೆಂಟು ಇರಲಿಲ್ಲ, ನೆಟ್‌ವರ್ಕೂ ಇರಲಿಲ್ಲ. ಹಾಗಾಗಿ ದಾಡಿ ಮಾಡಿಕೊಳ್ಳಲು ಬೇಕಾದಷ್ಟು ಪುರುಸೊತ್ತು ಸಿಕ್ಕಿತು. ಅವನ ಚೀಲದಿಂದ ಒಂದೊಂದೇ ಹೊರಗೆ ಬಂತು. ಬ್ರಷ್ಷು, ಅದನ್ನು ತಲೆಕೆಳಗಾಗಿ ನೇತುಹಾಕುವ ಸ್ಟ್ಯಾಂಡು, ಮರದ ಬಟ್ಟಲಲ್ಲಿ ಸೋಪು, ಮಡಚುವ ಕತ್ತಿ, ಅದನ್ನು ಮಸೆಯಲು ಚರ್ಮದ ಪಟ್ಟಿ. ಅಮ್ಮ ಬಾಗಿಲಲ್ಲಿ ನಿಂತು ನೋಡಿ, "ಇವ ಕಟಿಂಗ್ ಶಾಪ್ ಇಡ್ತಾನಂತಾ?" ಅಂದಳು.

ಬ್ರಷ್ ಒಣಗಲೇ ಇಲ್ಲ. ಸ್ಟ್ಯಾಂಡಿನಲ್ಲಿ ನೇತಾಡುತ್ತಲೇ ಬುಡದಲ್ಲಿ ಹಸಿರು ಕಾಣಿಸಿಕೊಂಡಿತು. ಕೊನೆಗೆ ಬಚ್ಚಲೊಲೆಯ ಮೇಲಿನ ತಂತಿಗೆ, ನಮ್ಮ ಬನಿಯನ್ನುಗಳ ಪಕ್ಕದಲ್ಲಿ, ಅದನ್ನೂ ಕಟ್ಟಿದ. ಒಲೆಗೆ ಅಡಿಕೆ ಸಿಪ್ಪೆ ತುಂಬಿತ್ತು. ಸಂಜೆ ಹೊತ್ತಿಗೆ ಕೂದಲ ತುದಿಯೆಲ್ಲ ಸುರುಟಿ, ಕೈಯಲ್ಲಿ ಮುಟ್ಟಿದರೆ ಪುಡಿ ಉದುರುತ್ತಿತ್ತು. ಅದರಲ್ಲಿ ನೊರೆ ಬರಿಸಿ ಮುಖಕ್ಕೆ ಹಚ್ಚಿಕೊಂಡ. ಇಡೀ ದಿನ ಹುಡುಗನ ಹತ್ತಿರ ಸುಳಿದರೆ ಹೊಗೆ ವಾಸನೆ.

ನನ್ನ ಮಾತು ಕೇಳಿದರೆ ಈ ಬ್ರಷ್ಷೇ ದಂಡ. ಟ್ಯೂಬಿನ ಕ್ರೀಮನ್ನು ಒದ್ದೆ ಬೆರಳಲ್ಲಿ ಉಜ್ಜಿ, ಎಷ್ಟು ಬೇಕೋ ಅಷ್ಟು ನೊರೆ ಬರುತ್ತೆ. ನೊರೆ ಇರೋದು ಬ್ಲೇಡು ಜಾರಲಿ ಅಂತ. ಗೋಪುರ ಕಟ್ಟಿದರೆ ಜಾಸ್ತಿ ಜಾರುತ್ತೆ ಅಂತೇನಿಲ್ಲ. ಮತ್ತೆ ಬೆರಳಿಗೆ ಬೂಷ್ಟು ಹಿಡಿಯಲ್ಲ.

ಸೋಪಿನ ಕತೆ ಚಿಕ್ಕದು. ಅದು ಪ್ರಾಣಿ ಕೊಬ್ಬಿನಲ್ಲಿ ಮಾಡಿದ್ದಂತೆ. ಈ ವಿಷಯ ಅಮ್ಮನಿಗೆ ನಾವು ಹೇಳಲಿಲ್ಲ. ಇಲಿಗೆ ಯಾರೂ ಹೇಳಬೇಕಾಗಲಿಲ್ಲ. ಬೆಳಿಗ್ಗೆ ನೋಡಿದರೆ ಬಟ್ಟಲಿನ ಅಂಚಿನುದ್ದಕ್ಕೂ ಜೋಡಿ ಹಲ್ಲಿನ ಗೀರು, ನಡುವೆ ಸೋಪಿನ ಒಂದು ಗುಡ್ಡ ಮಾತ್ರ ಉಳಿದಿತ್ತು. ಪಕ್ಕದಲ್ಲೇ ಇದ್ದ ನನ್ನ ಟ್ಯೂಬನ್ನು ಅದು ಮೂಸಿಯೂ ನೋಡಿರಲಿಲ್ಲ.

ಇಷ್ಟಕ್ಕೂ ನಾನೇನು ಹೊಸ ಕಾಲದವನಲ್ಲ. ನನ್ನ ಹತ್ತಿರ ಇರೋದು ಅಜ್ಜನ ಕಾಲದ ಹಿತ್ತಾಳೆ ಶೇವಿಂಗ್ ಸೆಟ್ಟು. ಮೂರು ತುಂಡು, ತಿರುಪಿದರೆ ಬಿಚ್ಚುತ್ತೆ, ನಡುವೆ ಎರಡು ಕಡೆ ಅಲಗಿನ ಬ್ಲೇಡು. ಅದನ್ನು ಕಂಡ ಕೂಡಲೇ ಹುಡುಗ, "ಮಾವ, ಇದು ಸಂಪ್ರದಾಯ!" ಅಂತ ಫೋಟೋ ತೆಗೆದುಕೊಂಡ. ನಗು ಬಂತು. ಸಂಪ್ರದಾಯದ ಕಾಟ ತಪ್ಪಿಸಲಿಕ್ಕೇ ಹುಟ್ಟಿದ್ದಲ್ವಾ ಈ ಸೆಟ್ಟು? ಕತ್ತಿ ಮಸೆಯುವುದೇ ಬೇಡ, ಮೊಂಡಾದರೆ ಬಿಸಾಕಿ ಅಂತ ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಮಾರಲು ಶುರುಮಾಡಿದ್ದು 1903ರಲ್ಲಿ. ಆ ವರ್ಷ ಹೋದದ್ದು ಬರೀ 51 ಸೆಟ್ಟು, 168 ಬ್ಲೇಡು. ಈಗಿನ ಯೂಸ್ ಅಂಡ್ ಥ್ರೋ ಪ್ಲಾಸ್ಟಿಕ್ ರೇಜರನ್ನು ನೋಡಿ ಮೂಗು ಮುರಿಯುವವರು ಇದೊಂದನ್ನು ಮರೀತಾರೆ.

ಇನ್ನು ಅಜ್ಜ. ಅವರು ಬಿಸಾಕೋ ಪೈಕಿ ಅಲ್ಲ. ಮೊಂಡಾದ ಬ್ಲೇಡನ್ನು ಗಾಜಿನ ಲೋಟದ ಒಳಮೈಗೆ ಒತ್ತಿ, ಆ ಕಡೆ ಈ ಕಡೆ ಉಜ್ಜಿ, ಮತ್ತೆ ಸೆಟ್ಟಿಗೆ ಹಾಕುತ್ತಿದ್ದರು. ಆಗಿನ ಬ್ಲೇಡು ತುಕ್ಕು ಬೇರೆ ಹಿಡಿಯುತ್ತಿತ್ತು. ಸ್ಟೇನ್‌ಲೆಸ್ ಸ್ಟೀಲಿನ ಬ್ಲೇಡು ಪೇಟೆಗೆ ಬಂದದ್ದೇ 1960ರ ದಶಕದಲ್ಲಿ. ಹಳೇ ಕಾಲದ ದಾಡಿ ಎಷ್ಟು ಚಂದ ಅನ್ನುವವರು ಅಜ್ಜನ ಮುಖ ನೋಡಬೇಕಿತ್ತು. ದಾಡಿಯ ದಿನ ಅವರ ಹತ್ತಿರ ದುಡ್ಡು ಕೇಳಲು ಯಾರೂ ಹೋಗುತ್ತಿರಲಿಲ್ಲ.

ಉಕ್ಕಿನ ಮುಂದೆ ಕೂದಲು ಯಾವ ಲೆಕ್ಕ ಅನಿಸುತ್ತೆ. ಉಕ್ಕಿಗಿಂತ ಕೂದಲು ಐವತ್ತು ಪಟ್ಟು ಮೆದು. ಆದರೂ ಬ್ಲೇಡು ಹಾಳಾಗುತ್ತೆ. ಯಾಕೆ ಅಂತ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಸೂಕ್ಷ್ಮದರ್ಶಕ ಇಟ್ಟು ನೋಡಿ 2020ರಲ್ಲಿ ಬರೆದರು. ಬಾಗಿದ ಕೂದಲು ತಾಗಿದ ಕಡೆ ಅಲಗಿನ ಚೂರು ಎದ್ದು ಹೋಗುತ್ತದಂತೆ. ಹಾಗೆ ಹಲ್ಲು ಬಿದ್ದ ಬ್ಲೇಡನ್ನು ತಿಂಗಳುಗಟ್ಟಲೆ ಎಳೆಯುವವರು ನಮ್ಮಲ್ಲಿ ಬೇಕಾದಷ್ಟು ಜನ. ಬ್ರಷ್ಷಿಗೆ ಸಾವಿರಗಟ್ಟಲೆ ಕೊಡ್ತಾರೆ, ಕೆಲವೇ ರೂಪಾಯಿಯ ಬ್ಲೇಡು ಬದಲಾಯಿಸಲು ಜೀವ ಹೋಗುತ್ತೆ.

ನನ್ನ ಇನ್ನೊಂದು ಅಭಿಪ್ರಾಯಕ್ಕೆ ನಮ್ಮನೆಯಲ್ಲೇ ಒಂದು ಓಟು ಬೀಳಲ್ಲ. ದಾಡಿ ಮಾಡಬೇಕಾದ್ದು ಸ್ನಾನ ಆದ ಮೇಲೆ. ಬಿಸಿನೀರು ಎರಡು ಮೂರು ನಿಮಿಷ ಬಿದ್ದರೆ ಕೂದಲು ನೀರು ಕುಡಿದು ಮೆತ್ತಗಾಗುತ್ತೆ, ಆಮೇಲೆ ಬ್ಲೇಡು ಸುಮ್ನೆ ಹೋಗುತ್ತೆ. ಹಂಡೆ ತುಂಬ ಬಿಸಿನೀರು ಇರುವ ನಮಗೆ ಇದಕ್ಕಿಂತ ದೊಡ್ಡ ಸಲಕರಣೆ ಯಾಕೆ? ಆದರೆ ಅಮ್ಮ ಬಿಡಬೇಕಲ್ಲ. ಕ್ಷೌರ ಆದವರು ಸ್ನಾನ ಮಾಡದೆ ಒಳಗೆ ಕಾಲಿಡುವ ಹಾಗಿಲ್ಲ. "ಹಂಗಾದ್ರೆ ಎರಡೆರಡು ಸ್ನಾನ ಮಾಡು, ನೀರಿಗೇನು ಬರ ಬಂದಿದ್ಯಾ?" ಅಂದಳು.

ಹಾಗಾಗಿ ಬಚ್ಚಲಲ್ಲೇ ಕೂತು ಒಂದಷ್ಟು ಹೊಯ್ದುಕೊಂಡು, ದಾಡಿ ಮಾಡಿ, ಮತ್ತೆ ಹೊಯ್ದುಕೊಳ್ಳುತ್ತೇನೆ. ತೊಂದರೆ ಬೆಳಕಿನದ್ದು. ನಮ್ಮ ಬಚ್ಚಲಿಗೆ ಮಾಡಿನಲ್ಲಿರುವ ಒಂದು ಗಾಜಿನ ಹಂಚೇ ಗತಿ. ಅದರ ಮೇಲೆ ಪಾಚಿ. ಮೊಳೆಗೆ ನೇತುಹಾಕಿದ ಕನ್ನಡಿಯಲ್ಲಿ ಎಡಗೆನ್ನೆ ಒಂದು ಮಟ್ಟಿಗೆ ಕಾಣುತ್ತೆ. ಬಲಗೆನ್ನೆಯನ್ನು ಅಂದಾಜಿನ ಮೇಲೆ ಮುಗಿಸಬೇಕು. ಉಜ್ಜಿದ ಕನ್ನಡಿ ಮತ್ತೆ ಹಬೆ ಹಿಡಿಯುವುದರೊಳಗೆ ಮೀಸೆಯ ಕೆಳಗಿನ ಕೆಲಸ ಆಗಿರಬೇಕು. ಪರವಾಗಿಲ್ಲ, ಕೂದಲು ಮೆತ್ತಗಿದ್ದರೆ ಕಣ್ಣು ಮುಚ್ಚಿಯೂ ಆಗುತ್ತೆ.

ಮಡಚುವ ಕತ್ತಿಗೆ ಮಾತ್ರ ಕಣ್ಣು ಬೇಕು, ಕೈಯೂ ಬೇಕು. ಅದನ್ನು ಕಟಿಂಗ್ ಶಾಪಿನವರಿಗೆ ಬಿಡುವುದೇ ಮೇಲು. ಅವರೇ ಈಗ ಆ ಕತ್ತಿಯನ್ನು ಬದಿಗಿಟ್ಟಿದ್ದಾರೆ. ಬ್ಲೇಡನ್ನು ಕಾಗದದ ಸಮೇತ ಬಗ್ಗಿಸಿ, ಟಕ್ ಅಂತ ಎರಡು ಮಾಡಿ, ಅರ್ಧ ಬ್ಲೇಡನ್ನು ಹಿಡಿಗೆ ಸಿಕ್ಕಿಸಿ ಕೆಲಸ ಮುಗಿಸ್ತಾರೆ. ನಮ್ಮ ಹುಡುಗ ಚರ್ಮದ ಪಟ್ಟಿಯನ್ನು ಜಗಲಿಯ ಕಂಬಕ್ಕೆ ಕಟ್ಟಿ ಮಸೆಯಲು ನಿಂತ. ಕತ್ತಿಯನ್ನು ಬೆನ್ನ ಮೇಲೆ ಹೊರಳಿಸಬೇಕು, ಅಲಗನ್ನು ಹಿಂದೆ ಬಿಟ್ಟು ಎಳೆಯಬೇಕು. ಅವನು ಉಲ್ಟಾ ಹೊರಳಿಸಿದ. ಪಟ್ಟಿಯಿಂದ ಸಣ್ಣಗೆ ಒಂದು ಚಕ್ಕೆ ಎದ್ದಿತು. ಮತ್ತೆ ಎಳೆದ, ಇನ್ನೊಂದು ಚಕ್ಕೆ. ಅಪ್ಪ ಪೇಪರ್ ಓದುವುದು ನಿಲ್ಲಿಸಿ, "ಹಪ್ಪಳಕ್ಕೆ ಹಲಸಿನಕಾಯಿ ಕೊಚ್ಚಿದ ಹಾಗೆ ಕೊಚ್ತಾನಲ್ಲೋ" ಅಂದರು.

ಶ್ರಾವಣದ ಒಂದು ಸೋಮವಾರ ನೆಂಟರ ಮನೆಯಲ್ಲಿ ಮದುವೆ. ಹುಡುಗ ಅದೇ ಕತ್ತಿ ಹಿಡಿದು ಬಚ್ಚಲಿಗೆ ಹೋದ. ಸ್ವಲ್ಪ ಹೊತ್ತಿಗೆ, "ಮಾವಾ, ಪಟಿಕ ಎಲ್ಲಿ?" ಅನ್ನುವ ಕೂಗು. ಪಟಿಕ ಗೂಡಿನಲ್ಲಿ ಇರಲಿಲ್ಲ. ಬಾವಿ ನೀರು ಕೆಂಪಾಗಿದೆ ಅಂತ ಅಮ್ಮ ಅದನ್ನು ಡ್ರಮ್ಮಿಗೆ ಹಾಕಿದ್ದಳು. ಆಫ್ಟರ್ ಶೇವ್ ತಂದಿದ್ದಾನಲ್ಲ ಅಂತ ನೀವು ಕೇಳಬಹುದು. ಅದು ಉರಿ ಮತ್ತು ಪರಿಮಳಕ್ಕೆ ಸೈ, ರಕ್ತ ನಿಲ್ಲಿಸಲು ಪಟಿಕವೇ ಬೇಕು. ಅದೂ ಇಲ್ಲದಿದ್ದರೆ ಪೇಪರ್ ತುಂಡು. ಅಪ್ಪ ಕೈಯಲ್ಲಿದ್ದ ಪೇಪರಿನ ಮೂಲೆ ಹರಿದು ಕೊಟ್ಟರು. ಅದನ್ನು ಗಲ್ಲಕ್ಕೆ ಅಂಟಿಸಿಕೊಂಡು ಕಾರು ಹತ್ತಿದ, ತೆಗೆಯುವುದು ಮರೆತ.

ಪಂಕ್ತಿಯಲ್ಲಿ ಎದುರಿಗೆ ಕೂತಿದ್ದ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು ಹುಡುಗನ ಮುಖವನ್ನೇ ನೋಡಿದರು. ಹರಿದದ್ದು ಅಡಿಕೆ ಧಾರಣೆಯ ಮೂಲೆ. ಅಡಿಕೆಯ ದರ್ಜೆಗಳಲ್ಲಿ ಸರಕು, ಬೆಟ್ಟೆ, ರಾಶಿ ಎಲ್ಲ ಅಪ್ಪನ ಪೇಪರಿನಲ್ಲೇ ಉಳಿದು, ಇವನ ಗಲ್ಲಕ್ಕೆ ಬಂದದ್ದು 'ಗೊರಬಲು', ಮತ್ತೆ ಅದರ ರೇಟು.

"ಶಿವಮೊಗ್ಗ ಮಾರ್ಕೆಟ್ಟಿಂದಾ?" ಅಂದರು ಅವರು. ಪಕ್ಕದವರು ಬಗ್ಗಿ, ಗಲ್ಲದಲ್ಲಿ ಅಲ್ಲಲ್ಲಿ ಉಳಿದಿದ್ದ ಕೂದಲು ನೋಡಿ, "ಮಾಲು ಒಳ್ಳೇದೇ ಇದೆ ಮಾರಾಯ್ರೆ, ಸುಲಿದದ್ದು ಸರಿ ಆಗ್ಲಿಲ್ಲ" ಅಂತ ತೀರ್ಪು ಕೊಟ್ಟರು. ಸಾರು ಬಡಿಸುವವನು ಸೌಟು ಹಿಡಿದು ಅಲ್ಲೇ ನಿಂತು ನಕ್ಕ.

ರಾತ್ರಿ ಮನೆಗೆ ಬಂದವನೇ, "ಮಾವ, ನಾಳೆ ನಿಮ್ಮ ಸೆಟ್ಟು ಕೊಡಿ, ಉಳಿದದ್ದನ್ನು ಸರಿಮಾಡಿಕೊಳ್ತೀನಿ" ಅಂದ. ಕೊಟ್ಟೆ, ಹೊಸ ಬ್ಲೇಡನ್ನೂ ಹಾಕಿಕೊಟ್ಟೆ. ಆದರೆ ನಾಳೆ ಮಂಗಳವಾರ. ಪೇಟೆಯ ಕಟಿಂಗ್ ಶಾಪಿಗೂ ರಜೆ. ಬೆಳಿಗ್ಗೆ ಅವನು ಎದ್ದು ಬಚ್ಚಲಿಗೆ ಹೋಗುವ ಹೊತ್ತಿಗೆ ಅಮ್ಮ ಮೊಳೆಯಿಂದ ಕನ್ನಡಿ ತೆಗೆದು ಒಳಗಿಟ್ಟಾಗಿತ್ತು.