ಸ್ವಯಂಸೇವಕರಿಂದ ಕಾಪಾಡಿ

ಬಡಾವಣೆಯನ್ನು ಉದ್ಧಾರ ಮಾಡಬೇಕೆಂಬ ಕಾಯಿಲೆ ಸಾಮಾನ್ಯವಾಗಿ ಭಾನುವಾರ ಬೆಳಿಗ್ಗೆ ಅಂಟಿಕೊಳ್ಳುತ್ತದೆ, ಸೋಮವಾರದ ಹೊತ್ತಿಗೆ ತಾನಾಗಿಯೇ ವಾಸಿಯಾಗುತ್ತದೆ. ನಮ್ಮಲ್ಲಿ ಹಾಗಾಗಲಿಲ್ಲ. ಸೋಮವಾರ ಬರುವ ಮುನ್ನವೇ ಯಾರೋ ವಾಟ್ಸಾಪ್ ಗುಂಪು ಮಾಡಿಬಿಟ್ಟಿದ್ದರು. ಗುಂಪು ಹುಟ್ಟಿತೆಂದರೆ ಅದಕ್ಕೊಂದು ಹೆಸರು, ಹೆಸರಿಗೊಂದು ಲಾಂಛನ, ಲಾಂಛನಕ್ಕೊಂದು ಉಪಸಮಿತಿ. ಪೊರಕೆ ತರುವವರು ಯಾರು ಎಂಬ ಪ್ರಶ್ನೆ ಆಮೇಲೆ ಬಂತು. ಬರವಣಿಗೆ ಬಲ್ಲವನು ಎಂಬ ಆಪಾದನೆಯ ಮೇಲೆ ಸಭೆಯ ನಡಾವಳಿ ಬರೆಯುವ ಕೆಲಸ ನನ್ನ ತಲೆಗೆ ಬಿದ್ದುದರಿಂದ, ಮುಂದೆ ಹೇಳುವುದಕ್ಕೆಲ್ಲ ನನ್ನ ಬಳಿ ಲಿಖಿತ ದಾಖಲೆಯಿದೆ.

ನಮ್ಮದು ಹತ್ತು ದಿಕ್ಕಿನಿಂದ ಬಂದವರು ನೆಲೆ ನಿಂತ ಬಡಾವಣೆ. ಒಂದೇ ಕಟ್ಟಡದ ಮೂರು ಮಹಡಿಗಳಲ್ಲಿ ಮೂರು ಭಾಷೆ, ಮೂರು ಬಗೆಯ ಪ್ರಾರ್ಥನೆ, ಮೂರು ಪಾಳಿಯ ಕೆಲಸ. ಒಬ್ಬರು ಏಳುವ ಹೊತ್ತಿಗೆ ಇನ್ನೊಬ್ಬರು ಮಲಗಲು ಬರುತ್ತಾರೆ. ಇಷ್ಟಿದ್ದೂ ಜಗಳವೆಂಬುದೇ ಇರಲಿಲ್ಲ. ಇದನ್ನು ಸೌಹಾರ್ದವೆಂದು ಹೊಗಳಲು ಅಡ್ಡಿಯಿಲ್ಲ. ಆದರೆ ಜಗಳವಾಡಲಿಕ್ಕೂ ಒಂದಿಷ್ಟು ಪರಿಚಯ ಬೇಕು. ಅದು ಇಲ್ಲಿ ಯಾರಿಗೂ ಯಾರದ್ದೂ ಇರಲಿಲ್ಲ.

ಮೊದಲ ಶ್ರಮದಾನಕ್ಕೆ ಕರಪತ್ರ ಹಂಚುವುದೆಂದಾಯಿತು. ಬಡಾವಣೆಯಲ್ಲಿ ಆಡುವ ಎಲ್ಲ ಭಾಷೆಗಳೂ ಅದರಲ್ಲಿ ಇರಬೇಕು, ಯಾವ ಭಾಷೆಯ ಅಕ್ಷರವೂ ಇನ್ನೊಂದಕ್ಕಿಂತ ಚಿಕ್ಕದಾಗಬಾರದು ಎಂದು ನಿರ್ಣಯವಾಯಿತು. ನಿರ್ಣಯ ಉದಾತ್ತವಾದದ್ದೇ. ಆದರೆ ಆತ್ಮೀಯ ನಿವಾಸಿಗಳೇ ಎಂದು ಎಲ್ಲರನ್ನೂ ಅವರವರ ಭಾಷೆಯಲ್ಲಿ ಸಂಬೋಧಿಸಿ ಮುಗಿಸುವಷ್ಟರಲ್ಲಿ ಹಾಳೆಯೇ ಮುಗಿದುಹೋಗಿ, ಎಲ್ಲಿಗೆ ಬರಬೇಕು, ಎಷ್ಟು ಹೊತ್ತಿಗೆ ಬರಬೇಕು, ಯಾತಕ್ಕೆ ಬರಬೇಕು ಎಂಬುದಕ್ಕೆ ಜಾಗ ಉಳಿಯಲಿಲ್ಲ. ತಮ್ಮನ್ನು ಯಾರೋ ಆತ್ಮೀಯರೆಂದು ಕರೆದಿದ್ದಾರೆ ಎಂದು ತಿಳಿದು ಇಡೀ ಬಡಾವಣೆ ಸಂತೋಷಪಟ್ಟು ಮನೆಯಲ್ಲೇ ಉಳಿಯಿತು.

ಅಮೆರಿಕದ ಸೇನಾ ಎಂಜಿನಿಯರ್ ಹೆನ್ರಿ ರಾಬರ್ಟ್ ಎಂಬಾತ 1863ರಲ್ಲಿ ಚರ್ಚೊಂದರ ಸಭೆಗೆ ಅಧ್ಯಕ್ಷನಾಗಿ ಕುಳಿತು, ಸಭೆ ಕೈಮೀರಿ, ಮುಖಭಂಗ ಅನುಭವಿಸಿದನಂತೆ. ಅದನ್ನು ಮರೆಯಲಾಗದೆ ಸಭೆ ನಡೆಸುವ ನಿಯಮಗಳನ್ನೆಲ್ಲ ಕಲೆಹಾಕಿ 1876ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದ. ಎಷ್ಟೋ ಸಂಘಸಂಸ್ಥೆಗಳು ಇಂದಿಗೂ ಅದನ್ನೇ ಅನುಸರಿಸುತ್ತವೆ. ಪುಣ್ಯಾತ್ಮ ನಮ್ಮ ಸಭೆಗೆ ಬಂದಿದ್ದರೆ ಎರಡನೆಯ ಸಂಪುಟಕ್ಕೂ ಸರಕು ಸಿಗುತ್ತಿತ್ತು.

ಆ ಸಭೆಯ ಮುಂದೆ ಎರಡು ವಿಷಯಗಳಿದ್ದವು. ಒಂದು, ಚರಂಡಿ. ಹಿಂದಿನ ಮೂರು ಬೀದಿಗಳ ಚರಂಡಿಗೆ ಇಳಿಜಾರು ತಿರುವುಮುರುವಾಗಿದ್ದು, ಮಳೆ ಬಂದಾಗ ನೀರು ಹೋಗಬೇಕಾದ ಕಡೆಗೆ ಹೋಗದೆ ಬಂದ ಕಡೆಗೇ ಮರಳುತ್ತದೆ. ನಮ್ಮ ಸಮಿತಿಯ ನಿವೃತ್ತ ಎಂಜಿನಿಯರ್ ಸಾಹೇಬರು ಮಟ್ಟ ಅಳೆದು, ನಕ್ಷೆ ಬರೆದು, ಗೋಡೆಗೆ ಅಂಟಿಸಿ, ಕೋಲು ಹಿಡಿದು ವಿವರಿಸಿದರು. ಯಾರಿಗೂ ಏನೂ ಅರ್ಥವಾಗಲಿಲ್ಲವಾದ್ದರಿಂದ ಎಲ್ಲರೂ ಚಪ್ಪಾಳೆ ತಟ್ಟಿ ಒಪ್ಪಿಗೆ ಕೊಟ್ಟರು. ಎರಡನೆಯದು, ಒಬ್ಬ ದಾನಿಗಳು ಕೊಟ್ಟ ಕಬ್ಬಿಣದ ಬೆಂಚಿಗೆ ಯಾವ ಬಣ್ಣ ಬಳಿಯಬೇಕು ಎಂಬುದು. ಇದು ದೀಪ ಹಚ್ಚುವ ಹೊತ್ತಿಗೆ ಶುರುವಾಗಿ ಬೀದಿನಾಯಿಗಳೂ ಮಲಗಿದ ಮೇಲೆ ಮುಗಿಯಿತು. ಹಸಿರು ಒಬ್ಬರಿಗೆ ಆಗದು, ಕೆಂಪು ಇನ್ನೊಬ್ಬರಿಗೆ ಆಗದು, ನೀಲಿಯ ಹಿಂದೆ ರಾಜಕೀಯವಿದೆ, ಬಿಳಿ ಕೊಳೆಯಾಗುತ್ತದೆ. ಕೊನೆಗೆ ಬಣ್ಣವನ್ನೇ ಬಳಿಯದಿರುವುದೆಂದು ಸರ್ವಾನುಮತವಾಯಿತು. ಸಮಿತಿಗಳು ಅಣುಸ್ಥಾವರಕ್ಕೆ ಎರಡೂವರೆ ನಿಮಿಷದಲ್ಲಿ ಒಪ್ಪಿಗೆ ಕೊಟ್ಟು ಸೈಕಲ್ ನಿಲ್ಲಿಸುವ ಶೆಡ್ಡಿನ ಬಗ್ಗೆ 45 ನಿಮಿಷ ಚರ್ಚಿಸುತ್ತವೆ ಎಂದು ಬ್ರಿಟಿಷ್ ಲೇಖಕ ಪಾರ್ಕಿನ್ಸನ್ 1957ರಲ್ಲೇ ಗೇಲಿ ಮಾಡಿದ್ದ. ಆತನದ್ದು ಶಿಸ್ತಿನ ಸಮಿತಿಯಾಗಿತ್ತು ಎಂದು ಕಾಣುತ್ತದೆ. 45 ನಿಮಿಷಕ್ಕೆ ನಿಲ್ಲಿಸಿದ್ದಾರೆ.

ಬೆಂಚಿನ ನಿಜವಾದ ಕಥೆ ಆಮೇಲಿನದು. ಬಡಾವಣೆಗೆ ಬೆಂಚು ಬೇಕು ಎನ್ನುವುದರಲ್ಲಿ ಎರಡು ಮಾತಿರಲಿಲ್ಲ. ತಮ್ಮ ಗೇಟಿನ ಎದುರು ಬೇಡ ಎನ್ನುವುದರಲ್ಲೂ ಎರಡು ಮಾತಿರಲಿಲ್ಲ. ಮೊದಲ ದಿನ ಮೂಲೆಯ ಮನೆಯ ಎದುರಿಗಿಟ್ಟೆವು. ಮರುದಿನ ಬೆಳಿಗ್ಗೆ ಅದು ಎರಡು ಮನೆ ಆಚೆಗಿತ್ತು. ಅದರ ಮರುದಿನ ರಸ್ತೆ ದಾಟಿತ್ತು. ಹಗಲು ಹೊತ್ತು ಅದನ್ನು ಯಾರೂ ಮುಟ್ಟಿದ್ದನ್ನು ಕಂಡವರಿಲ್ಲ. ವಾಕಿಂಗ್ ಹೋಗುವವರಿಗೆ ಇವತ್ತು ಬೆಂಚು ಎಲ್ಲಿದೆ ಎಂದು ನೋಡುವುದೇ ಒಂದು ಕುತೂಹಲವಾಯಿತು. ಮೊಣಕಾಲು ನೋವಿನ ಒಬ್ಬ ಅಜ್ಜಿ ಮಾತ್ರ ಅದನ್ನು ನಿಷ್ಠೆಯಿಂದ ಹುಡುಕಿಕೊಂಡು ಹೋಗಿ, ಕುಳಿತು, ಹುಡುಕಾಟದ ದಣಿವು ಆರಿಸಿಕೊಂಡು ಬರುತ್ತಿದ್ದರು.

ಆ ಬೆಂಚನ್ನು ಎತ್ತಲು ಕಡಿಮೆಯೆಂದರೆ ನಾಲ್ಕು ಜನ ಬೇಕು. ಒಬ್ಬರೊಡನೊಬ್ಬರು ಮಾತೇ ಆಡಿರದ, ಆಡಲು ಸಮಾನ ಭಾಷೆಯೂ ಇರದ ನಾಲ್ಕು ಮನೆಯವರು ಸರಿರಾತ್ರಿಯಲ್ಲಿ ಕಣ್ಸನ್ನೆಯಲ್ಲೇ ಒಪ್ಪಂದ ಮಾಡಿಕೊಂಡು, ಸದ್ದಾಗದಂತೆ ಅದನ್ನು ಹೊತ್ತೊಯ್ದು, ಐದನೆಯವರ ಗೇಟಿನ ಎದುರು ಇಳಿಸಿ ಬರುತ್ತಿದ್ದರು. ಫ್ರಾನ್ಸಿನ ಕೃಷಿ ಎಂಜಿನಿಯರ್ ರಿಂಗೆಲ್‌ಮನ್ ಹಗ್ಗ ಎಳೆಸಿ ನಡೆಸಿದ ಪ್ರಯೋಗಗಳ ಪ್ರಕಾರ ಎಂಟು ಜನ ಒಟ್ಟಿಗೆ ಎಳೆದಾಗ ಒಬ್ಬೊಬ್ಬರು ಹಾಕುವ ಬಲ, ಒಂಟಿಯಾಗಿ ಎಳೆದಾಗಿನ ಸುಮಾರು ಅರ್ಧಕ್ಕೆ ಇಳಿಯುತ್ತದೆ. 1913ರಲ್ಲಿ ಅದನ್ನು ಪ್ರಕಟಿಸಿದ. ನಮ್ಮ ಶ್ರಮದಾನದ ಮಟ್ಟಿಗೆ ಆತನ ಲೆಕ್ಕ ಉದಾರವಾದದ್ದು. ಅರ್ಧ ಬಲ ಹಾಕಿದವರನ್ನು ನಾವು ಸನ್ಮಾನಿಸುತ್ತಿದ್ದೆವು. ಆದರೆ ಬೆಂಚಿನ ವಿಷಯದಲ್ಲಿ ಆತನ ನಿಯಮ ನಡೆಯುವುದಿಲ್ಲ. ಪೀಡೆಯನ್ನು ಪಕ್ಕದ ಮನೆಗೆ ದಾಟಿಸುವಾಗ ಮನುಷ್ಯ ಪೂರ್ತಿ ಬಲ ಹಾಕುತ್ತಾನೆ.

ಈ ನಡುವೆ ನಮ್ಮ ಗುಂಪಿನ ಸಾಫ್ಟ್‌ವೇರ್ ಹುಡುಗನೊಬ್ಬ ಎಸ್ಟೋನಿಯಾ ದೇಶದ ಸಂಗತಿ ಓದಿಕೊಂಡು ಬಂದ. 2008ರ ಮೇ 3ರಂದು ಅಲ್ಲಿ ಸುಮಾರು 50,000 ಜನ ಸೇರಿ ಒಂದೇ ದಿನದಲ್ಲಿ ಸುಮಾರು 10,000 ಟನ್ ಕಸ ಎತ್ತಿದರು. ಇಡೀ ದೇಶದ ಜನಸಂಖ್ಯೆಯೇ ಸುಮಾರು 13 ಲಕ್ಷ. ಅವರು ಮಾಡಿದ ಜಾಣತನವೆಂದರೆ, ಎಲ್ಲೆಲ್ಲಿ ಕದ್ದು ಕಸ ಸುರಿದಿದ್ದಾರೆ ಎಂಬುದನ್ನು ಮೊದಲೇ ಹುಡುಕಿ ನಕ್ಷೆಯಲ್ಲಿ ಗುರುತಿಸಿಟ್ಟುಕೊಂಡದ್ದು. ನಾವೂ ಮಾಡೋಣ ಎಂದ. ಹುಡುಗ ಚುರುಕು. ರಾತ್ರಿಯೆಲ್ಲ ಎಚ್ಚರವಿದ್ದು ಬಡಾವಣೆಯ ಕಸದ ಮೂಲೆಗಳನ್ನೆಲ್ಲ ಮೊಬೈಲ್ ನಕ್ಷೆಯಲ್ಲಿ ಕೆಂಪು ಚುಕ್ಕೆ ಇಟ್ಟು ಗುರುತಿಸಿ ಎಲ್ಲರಿಗೂ ಕಳುಹಿಸಿದ. ಅಲ್ಲಿಯವರೆಗೆ ಕಸ ಎಸೆಯಲು ತಮ್ಮ ಬೀದಿಯ ಮೂಲೆಯೊಂದನ್ನೇ ಬಲ್ಲವರಿಗೆ ಬಡಾವಣೆಯಲ್ಲಿ ಇಷ್ಟೊಂದು ಅನುಕೂಲವಿದೆ ಎಂಬುದು ಗೊತ್ತಾಯಿತು. ಕಚೇರಿಗೆ ಹೋಗುವ ದಾರಿಯಲ್ಲಿ ಯಾವ ಚುಕ್ಕೆ ಹತ್ತಿರ ಎಂದು ನೋಡಿಕೊಂಡು ಚೀಲ ಹಿಡಿದು ಹೊರಡತೊಡಗಿದರು. ಒಬ್ಬರಂತೂ ಹೊಸ ಜಾಗವೊಂದನ್ನು ನಕ್ಷೆಯಲ್ಲಿ ಸೇರಿಸುವುದು ಬಿಟ್ಟುಹೋಗಿದೆ ಎಂದು ಹುಡುಗನಿಗೆ ಫೋನ್ ಮಾಡಿ ಹೇಳಿದರು.

ಮೌನ ವಿಧಾನವೂ ಆಯಿತು. 1990ರ ದಶಕದಲ್ಲಿ ಕೊಲಂಬಿಯಾದ ಬೊಗೊಟಾ ನಗರದ ಮೇಯರ್ ಆಂಟಾನಸ್ ಮೋಕಸ್, ಸಂಚಾರ ನಿಯಮ ಮುರಿಯುವವರನ್ನು ಅಣಕಿಸಲು ರಸ್ತೆಗಳಲ್ಲಿ ಮೂಕಾಭಿನಯದ ಕಲಾವಿದರನ್ನು ನಿಲ್ಲಿಸಿದ್ದರು. ದಂಡಕ್ಕೆ ಹೆದರದವರು ನಗೆಗೆ ಹೆದರುತ್ತಾರೆ ಎಂಬುದು ಅವರ ಎಣಿಕೆ. ಅದು ಫಲಿಸಿತು ಕೂಡ. ನಮ್ಮಲ್ಲಿ ಹಿಂದೊಮ್ಮೆ ಹವ್ಯಾಸಿ ನಾಟಕಗಳಲ್ಲಿ ಪಾತ್ರ ಮಾಡಿದ್ದ ಒಬ್ಬ ಹಿರಿಯರು ಈ ಹೊಣೆ ಹೊತ್ತುಕೊಂಡರು. ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡು, ಕೈಗವಸು ತೊಟ್ಟು, ಕೆಂಪು ಚುಕ್ಕೆಯ ಮೂಲೆಯೊಂದರಲ್ಲಿ ಬೆಳಗಿನ ಜಾವವೇ ಹೋಗಿ ನಿಂತರು. ಚೀಲ ಹಿಡಿದು ಬಂದವರ ಮುಂದೆ ಎರಡೂ ಕೈ ಚಾಚಿ, ಹುಬ್ಬು ಮೇಲೆತ್ತಿ, ಇದೇನು ಮಾಡುತ್ತಿದ್ದೀರಿ ಎಂಬ ಭಾವವನ್ನು ಬಲು ಚೆನ್ನಾಗಿ ತಂದರು. ಮೊದಲಿಗೆ ಬಂದ ಮಹಿಳೆ ಚಾಚಿದ ಆ ಕೈಗೆ ತಮ್ಮ ಚೀಲವನ್ನಿಟ್ಟು, “ತುಂಬಾ ಉಪಕಾರವಾಯಿತು ಸಾರ್, ನಾಳೆಯೂ ಬರುತ್ತೀರಾ?” ಎಂದು ಕೇಳಿ ಹೋದರು. ಆಮೇಲೆ ಬಂದವರೆಲ್ಲ ಅದನ್ನೇ ಮಾಡಿದರು. ಮಾತನಾಡಬಾರದೆಂದು ಪಣ ತೊಟ್ಟಿದ್ದರಿಂದ ಇವರಿಗೆ ಬೇಡ ಎನ್ನಲೂ ಆಗಲಿಲ್ಲ. ನಾವು ಹೋಗಿ ನೋಡಿದಾಗ ಎರಡೂ ಕೈಯಲ್ಲಿ, ಎರಡೂ ತೋಳಿನಲ್ಲಿ ಚೀಲಗಳನ್ನು ತೂಗುಹಾಕಿಕೊಂಡು ನಿಂತಿದ್ದರು. ಮುಖದ ಭಾವ ಆಗ ಅಭಿನಯದ್ದಾಗಿರಲಿಲ್ಲ.

ಸಸಿ ನೆಟ್ಟದ್ದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಸಸಿಯನ್ನು ಎಷ್ಟು ಕೈಗಳು ಮುಟ್ಟಿಕೊಂಡಿರಬಹುದು ಎಂಬುದಕ್ಕೆ ಫೋಟೋಗಳಿವೆ. ಎಲ್ಲರೂ ನೀರು ಹಾಕುವುದೆಂದು ತೀರ್ಮಾನವಾಗಿದ್ದರಿಂದ ಭಾನುವಾರ ಬಕೆಟ್ಟುಗಟ್ಟಲೆ ನೀರು ಬಿದ್ದು ಬೇರು ಉಸಿರುಗಟ್ಟುತ್ತಿತ್ತು. ವಾರದ ಉಳಿದ ದಿನಗಳಲ್ಲಿ ಹೇಗೂ ಬೇರೆಯವರು ಹಾಕಿರುತ್ತಾರೆ ಎಂಬ ವಿಶ್ವಾಸದಲ್ಲಿ ಒಣಗುತ್ತಿತ್ತು. ನೋಡುವವರು ಹೆಚ್ಚಾದಷ್ಟೂ ನೆರವಿಗೆ ಬರುವವರು ಕಡಿಮೆ ಎಂದು ಡಾರ್ಲಿ ಮತ್ತು ಲಟಾನೆ ಎಂಬ ಮನಶ್ಶಾಸ್ತ್ರಜ್ಞರು 1968ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಮನುಷ್ಯರ ವಿಷಯದಲ್ಲಿ. ಸಸಿಗಳಿಗೂ ಅದನ್ನು ವಿಸ್ತರಿಸಬಹುದು. ಗೋಡೆಚಿತ್ರದ ಸುದ್ದಿ ಇನ್ನೂ ಚಿಕ್ಕದು. ತೇವ ಕುಡಿದ ಗೋಡೆ ಒಣಗುವ ಮೊದಲೇ ಬಣ್ಣ ಬಳಿದರು. ಒಳಗಿನ ಉಪ್ಪು ಹೊರಬಂದು ಬಣ್ಣ ಹಕ್ಕಳೆಯೆದ್ದು, ಮೊದಲ ವಾರ ಜಿರಾಫೆಯ ತಲೆ ಉದುರಿತು, ಆಮೇಲೆ ಕುತ್ತಿಗೆ. ಈಗ ಅದು ಯಾವ ಪ್ರಾಣಿಯೆಂದು ಮಕ್ಕಳು ಪಂದ್ಯ ಕಟ್ಟುತ್ತಾರೆ.

ಗೊಬ್ಬರದ ಗುಡ್ಡೆಯದ್ದು ಮಾತ್ರ ದೊಡ್ಡ ಪ್ರಕರಣ. ಉದ್ಯಾನದ ಮೂಲೆಯಲ್ಲಿ ಹಸಿ ಕಸ ಸುರಿದು ಗೊಬ್ಬರ ಮಾಡುವುದೆಂದಾಗ ಜನರಿಂದ ಹಿಂದೆಂದೂ ಕಾಣದ ಸಹಕಾರ ಸಿಕ್ಕಿತು. ಎಲ್ಲರೂ ತಂದು ಸುರಿದದ್ದೇ ಸುರಿದದ್ದು. ಕೆಲವೇ ದಿನಗಳಲ್ಲಿ ಉದ್ಯಾನದ ಪಕ್ಕ ಹಾದುಹೋಗುವವರು ಉಸಿರು ಕಟ್ಟಿಕೊಂಡು ಓಡತೊಡಗಿದರು. ಬಡಾವಣೆಯ ಆರೋಗ್ಯಕ್ಕೆ ಓಟ ಒಳ್ಳೆಯದೇ. ನಮ್ಮಲ್ಲಿದ್ದ ನಿವೃತ್ತ ರಸಾಯನಶಾಸ್ತ್ರದ ಮೇಷ್ಟರು ಮೂಗು ಮುಚ್ಚಿಕೊಂಡೇ ಕಾರಣ ಹೇಳಿದರು. ಗೊಬ್ಬರದ ಗುಡ್ಡೆಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಹಸಿ ಕಸದಿಂದ ಅಷ್ಟು ಇಂಗಾಲ ಬರುವುದಿಲ್ಲ, ತರಗೆಲೆಯಿಂದ ಬರುತ್ತದೆ. ತರಗೆಲೆಯಿಲ್ಲದೆ ಹಸಿಯೊಂದೇ ಇದ್ದರೆ ಒಳಗೆ ಗಾಳಿಯಾಡದೆ ಕೊಳೆತು ನಾರುತ್ತದೆ. ಸರಿ, ತರಗೆಲೆ ತನ್ನಿ ಎಂದರು. ಬಡಾವಣೆಯಲ್ಲಿ ಒಂದು ತರಗೆಲೆಯೂ ಇರಲಿಲ್ಲ. ಹಿಂದಿನ ಭಾನುವಾರವಷ್ಟೇ ನಮ್ಮ ಸ್ವಚ್ಛತಾ ಉಪಸಮಿತಿ ಅಷ್ಟನ್ನೂ ಗುಡಿಸಿ, ಮೂಟೆ ಕಟ್ಟಿ, ಪಕ್ಕದ ಬಡಾವಣೆಯ ಖಾಲಿ ನಿವೇಶನಕ್ಕೆ ಸಾಗಿಸಿ, ಆ ಸಾಧನೆಗಾಗಿ ಪ್ರಶಂಸಾಪತ್ರವನ್ನೂ ಪಡೆದಿತ್ತು.

ಮೂಟೆಗಳನ್ನು ಮರಳಿ ತರಲಾಯಿತು. ತರುವಾಗ ಆ ಬಡಾವಣೆಯವರು ನಮಗೆ ಕೃತಜ್ಞತೆ ಸಲ್ಲಿಸಿದರು. ಮೇಷ್ಟರು ಒಂದು ಪದರ ಹಸಿ, ಒಂದು ಪದರ ಒಣ ಎಂದು ತಾವೇ ನಿಂತು ಹಾಕಿಸಿ, ಉದ್ದನೆಯ ಉಷ್ಣಮಾಪಕವನ್ನು ಗುಡ್ಡೆಯ ಹೊಟ್ಟೆಗೆ ಚುಚ್ಚಿಟ್ಟರು. ನಾರುವುದು ನಿಂತಿತು. ಶಾಖ ಏರತೊಡಗಿತು. ಸರಿಯಾಗಿ ಕಳಿಯುವ ಗುಡ್ಡೆ 55ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ, ಕಳೆಗಳ ಬೀಜ ಸಾಯುವುದು ಆ ಬಿಸಿಗೇ. 60 ಮುಟ್ಟಿದ ಸಂಜೆ ಮೇಷ್ಟರು ಮಗಳ ಫಲಿತಾಂಶ ಬಂದವರ ಹಾಗೆ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು. ಆ ರಾತ್ರಿ ಚಳಿ ಜೋರಾಗಿತ್ತು. ನಸುಕಿನಲ್ಲಿ ಪಾಳಿ ಮುಗಿಸಿ ಬರುತ್ತಿದ್ದ ಒಬ್ಬರು ಉದ್ಯಾನದ ಮೂಲೆಯಿಂದ ದಟ್ಟವಾಗಿ ಏಳುತ್ತಿದ್ದ ಹಬೆಯನ್ನು ಕಂಡು, ಹೊಗೆಯೆಂದು ತಿಳಿದು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿದರು.

ಗಂಟೆಯ ಸದ್ದಿಗೆ ಬಡಾವಣೆಗೆ ಬಡಾವಣೆಯೇ ಹೊರಗೆ ಬಂತು. ರಾತ್ರಿಯುಡುಪಿನಲ್ಲಿ, ಕಂಬಳಿ ಹೊದ್ದು, ಕಂಕುಳಲ್ಲಿ ಮಕ್ಕಳನ್ನೆತ್ತಿಕೊಂಡು ಬಂದರು. ಮೂರು ಮಹಡಿಯವರೂ ಒಟ್ಟಿಗೆ ಎಚ್ಚರವಾಗಿದ್ದದ್ದು ಅದೇ ಮೊದಲು. ನೀರಿನ ಕೊಳವೆಯ ಮುಂದೆ ಎರಡೂ ಕೈ ಅಗಲಿಸಿ ನಿಂತ ಮೇಷ್ಟರು “ಬೇಡ, ತಣ್ಣಗಾಗಿಬಿಡುತ್ತದೆ!” ಎಂದು ಗೋಗರೆದರು. ಬೆಂಕಿ ಆರಿಸಲು ಬಂದವರಿಗೆ ಆ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಬೆಂಚು ಆ ದಿನ ಉದ್ಯಾನದ ಗೇಟಿನ ಬಳಿಯೇ ಇದ್ದುದರಿಂದ ಕೆಲವರು ಅದರ ಮೇಲೆ ಕುಳಿತರು, ಉಳಿದವರು ಸುತ್ತ ನಿಂತರು. ಮಾತು ಶುರುವಾಯಿತು. ನಿಮ್ಮ ಗೇಟಿನ ಎದುರಿಗೂ ಇಟ್ಟಿದ್ದರೇ? ನಿಮ್ಮ ಚೀಲವನ್ನೂ ಆ ಬಿಳಿ ಮುಖದವರೇ ತೆಗೆದುಕೊಂಡರೇ? ಗೊತ್ತಿದ್ದಷ್ಟು ಭಾಷೆಯಲ್ಲಿ, ಗೊತ್ತಿಲ್ಲದ ಕಡೆ ಕೈಸನ್ನೆಯಲ್ಲಿ ಬಡಾವಣೆಯ ಸಮಸ್ಯೆಗಳೆಲ್ಲ ಚರ್ಚೆಗೆ ಬಂದವು. ಎಲ್ಲದರ ಮೂಲವೂ ನಾವೇ ಎಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ.

ಬೆಳಕು ಹರಿಯುವಷ್ಟರಲ್ಲಿ ಮನವಿ ಸಿದ್ಧವಾಗಿತ್ತು. ಸ್ವಯಂಸೇವಕರಿಂದ ನಮ್ಮನ್ನು ಕಾಪಾಡಬೇಕು ಎಂದು ಸ್ವಯಂಸೇವಕರಿಗೇ ಬರೆದ ಮನವಿ. ಆರು ಬೇಡಿಕೆಗಳಿದ್ದವು, ಆರನೆಯದು ಚರಂಡಿಯ ರಿಪೇರಿ. ಕೆಳಗೆ ನಾನಾ ಲಿಪಿಗಳಲ್ಲಿ ಸಹಿಗಳು, ಒಂದೆರಡು ಹೆಬ್ಬೆಟ್ಟು, ಪ್ರತಿಯೊಂದರ ಮುಂದೆಯೂ ಮನೆಯ ಸಂಖ್ಯೆ ಮತ್ತು ಮೊಬೈಲ್ ಸಂಖ್ಯೆ. ಮೂರನೆಯ ಸಹಿ ನಮ್ಮ ಎಂಜಿನಿಯರ್ ಸಾಹೇಬರದ್ದೇ. ಕೇಳಿದ್ದಕ್ಕೆ, “ನಕ್ಷೆಯನ್ನು ಇವರೇ ಮೊದಲ ಸಲ ಪೂರ್ತಿ ಕೇಳಿಸಿಕೊಂಡರು ಸ್ವಾಮಿ” ಎಂದರು.

ಇಷ್ಟೊಂದು ಹೆಸರು ಮತ್ತು ಸಂಖ್ಯೆಗಳನ್ನು ಒಂದೇ ಕಡೆ ಕಂಡ ನಮ್ಮ ಅಧ್ಯಕ್ಷರು ಮನವಿಯ ಒಕ್ಕಣೆಯನ್ನು ಓದುವ ಗೋಜಿಗೆ ಹೋಗಲಿಲ್ಲ. ಮಧ್ಯಾಹ್ನದೊಳಗೆ ಸಹಿ ಹಾಕಿದವರೆಲ್ಲರನ್ನೂ ಗುಂಪಿಗೆ ಸೇರಿಸಿದರು. ಸಂಜೆಯೊಳಗೆ ಅರ್ಧಕ್ಕರ್ಧ ಜನ ಬಿಟ್ಟುಹೋದರು. ಉಳಿದವರು ಚರಂಡಿಯ ಕೆಲಸ ಯಾವತ್ತು, ಹಾರೆ ಗುದ್ದಲಿ ಎಲ್ಲಿವೆ ಎಂದು ಕೇಳತೊಡಗಿದ್ದರಿಂದ ಸಮಿತಿಗೆ ಗಾಬರಿಯಾಗಿ ತುರ್ತು ಸಭೆ ಕರೆದಿದೆ. ಸಭೆ ಬೆಂಚಿನ ಬಳಿ ಎಂದು ಸೂಚನೆಯಲ್ಲಿ ಬರೆದಿದ್ದೇನೆ. ಬೆಂಚು ಆ ದಿನ ಎಲ್ಲಿರುತ್ತದೆ ಎಂಬುದನ್ನು ಆಮೇಲೆ ತಿಳಿಸಲಾಗುವುದು.