118ಕ್ಕೆ ಮಾರಿ 86 ವಾಪಸ್ ಕೊಡುವುದು

ಕಾಫಿಗೆ ಒಳ್ಳೆಯ ಬೆಲೆ ಸಿಕ್ಕ ಮೇಲೆ ನಮ್ಮ ಚಿಕ್ಕಮಗಳೂರು, ಮೂಡಿಗೆರೆ ಕಡೆಯಲ್ಲಿ ತೋಟದ ಸಾಲ ತೀರಿಸಿ ಕೈಯಲ್ಲಿ ನಾಲ್ಕು ಕಾಸು ಉಳಿಸಿಕೊಂಡವರಲ್ಲಿ ಹಲವರು ನಿಫ್ಟಿ ಆಪ್ಷನ್, ಅಂದರೆ ಷೇರುಪೇಟೆಯ ಸೂಚ್ಯಂಕವಾದ ನಿಫ್ಟಿಯ ಏರಿಳಿತದ ಮೇಲಿನ ಕರಾರುಗಳ, ಮಾರಾಟಕ್ಕೆ ಇಳಿದಿದ್ದಾರೆ. ನಾನು ಪೇಟೆಯಲ್ಲಿ ಲೆಕ್ಕಪತ್ರ ಬರೆದು ತೆರಿಗೆ ರಿಟರ್ನ್ ಸಲ್ಲಿಸಿಕೊಡುವ ಕೆಲಸದವನಾದ್ದರಿಂದ ಇಂಥವರ ವರ್ಷದ ಲಾಭನಷ್ಟದ ಪಟ್ಟಿಗಳು ನನ್ನ ಮೇಜಿಗೇ ಬರುತ್ತವೆ. ಅವುಗಳಲ್ಲಿ ಬಹುಪಾಲು ಒಂದೇ ರೀತಿಯಲ್ಲಿರುತ್ತವೆ: ಹತ್ತು ತಿಂಗಳು ಬಾಡಿಗೆ ಬಂದಂತೆ ಸಣ್ಣ ಸಣ್ಣ ಲಾಭ, ನಂತರ ಒಂದೇ ದಿನ ಅದೆಲ್ಲವನ್ನೂ ಅದರ ಮೇಲೆ ಇನ್ನಷ್ಟನ್ನೂ ಒಯ್ದ ನಷ್ಟ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರ ಮಾಡಿದ ವ್ಯಕ್ತಿಗಳಲ್ಲಿ 100ಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ ಮತ್ತು ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿದೆ. ಈ ವ್ಯವಹಾರವನ್ನೇ ಬಿಟ್ಟುಬಿಡಿ ಎಂದು ಹೇಳುವುದು ಸುಲಭ, ಆದರೆ ಬಿಡುವವರು ಕಡಿಮೆ. ಬಿಡದವರಿಗೆ ನಾನು ಹೇಳಬೇಕೆಂದಿರುವುದು ಒಂದೇ ವಿಷಯ: ಒಂದು ಆಪ್ಷನ್ ಮಾರಿದರೆ ಅದರಾಚೆಯ ಇನ್ನೊಂದನ್ನು ಕೊಂಡು ಸ್ಪ್ರೆಡ್ ಮಾಡಿಕೊಳ್ಳಿ, ಮತ್ತು ಆ ಎರಡನೆಯದರ ಖರ್ಚನ್ನು ದಂಡವೆಂದು ತಿಳಿಯಬೇಡಿ.

ಇದನ್ನು ನಾನು ಕಲಿತದ್ದು 2024ರ ಜೂನ್ ಮೊದಲ ವಾರದಲ್ಲಿ, ನಮ್ಮ ಮನೆಯವರೊಳಗೇ. ಮೇ 31ರ ಶುಕ್ರವಾರ ನಿಫ್ಟಿ 22,530ರ ಸುಮಾರಿನಲ್ಲಿ ಮುಗಿದಿತ್ತು. ಶನಿವಾರ ಸಂಜೆ ಲೋಕಸಭಾ ಚುನಾವಣೆಯ ಮತಗಟ್ಟೆ ಸಮೀಕ್ಷೆಗಳು ಬಂದವು. ಸೋಮವಾರ, ಜೂನ್ 3ರಂದು, ನಿಫ್ಟಿ ಒಂದೇ ದಿನ 733 ಅಂಶ ಏರಿ 23,264ರ ಹತ್ತಿರ ನಿಂತಿತು. ನನ್ನ ಅಕ್ಕನ ಗಂಡ, ಮೂಡಿಗೆರೆಯ ಕಡೆ ರೊಬಸ್ಟಾ ತೋಟ ಮಾಡಿಕೊಂಡಿರುವ ನಮ್ಮ ಭಾವ, ಅಂದು ಮಧ್ಯಾಹ್ನ ನನಗೆ ಫೋನ್ ಮಾಡಿ, ಗುರುವಾರದ ಎಕ್ಸ್‌ಪೈರಿಯ 22,500 ಪುಟ್ಟನ್ನು ಮಾರುತ್ತಿರುವುದಾಗಿ ಹೇಳಿದರು. ಎಕ್ಸ್‌ಪೈರಿ, ಅಂದರೆ ಕರಾರು ಮುಗಿಯುವ ದಿನ, ನಿಫ್ಟಿ 22,500ಕ್ಕಿಂತ ಕೆಳಗೆ ನಿಂತರೆ ಆ ಅಂತರವನ್ನು ಕೊಂಡವನಿಗೆ ಕೊಡುವ ಕರಾರು ಅದು; ಮೇಲೆ ನಿಂತರೆ ಪಡೆದ ಬೆಲೆ ಪೂರ್ತಿ ಮಾರಿದವನದೇ. ಅವರ ಲೆಕ್ಕ ತಪ್ಪಾಗಿರಲಿಲ್ಲ. ಸೋಮವಾರ ಏರಿದ್ದೆಲ್ಲ ಇಳಿದುಹೋದರೂ ನಿಫ್ಟಿ ಬಂದು ನಿಲ್ಲುವುದು 22,500ರ ಹತ್ತಿರವೇ ತಾನೆ ಎಂಬುದು ಅವರ ವಾದ. ನನ್ನದೂ ಅದೇ ಅಭಿಪ್ರಾಯವಾಗಿತ್ತು. ನಾನು ಅದೇ ಪುಟ್ಟನ್ನು 118 ರೂಪಾಯಿಗೆ ಎರಡು ಲಾಟ್ (ಲಾಟ್ ಎಂದರೆ ಒಟ್ಟಿಗೆ ಮಾರುವ ಒಂದು ಕಟ್ಟು) ಮಾರಿದ್ದೆ. ಆದರೆ ಅದಕ್ಕೂ ಮೊದಲು 22,300ರ ಪುಟ್ಟನ್ನು 86 ರೂಪಾಯಿಗೆ ಎರಡು ಲಾಟ್ ಕೊಂಡಿದ್ದೆ.

"ನೀವೂ ಕೆಳಗಿನದೊಂದನ್ನು ತಗೊಂಡುಬಿಡಿ ಭಾವ" ಎಂದೆ.

"ಮಾರೋದು ನೂರಾ ಹದಿನೆಂಟಕ್ಕೆ, ಅದರಲ್ಲಿ ಎಂಬತ್ತಾರು ವಾಪಸ್ ಕೊಟ್ಟರೆ ಉಳಿಯೋದೇನು? ಅದು ದಂಡದ ಖರ್ಚು ಕಣಯ್ಯ" ಎಂದರು.

ಲೆಕ್ಕವನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ. ಆಗ ನಿಫ್ಟಿಯ ಲಾಟ್ 25 ಇತ್ತು. ಭಾವ ಹತ್ತು ಲಾಟ್, ಅಂದರೆ 250 ಮಾರಿದ್ದರಿಂದ ಅವರಿಗೆ ಬಂದ ಪ್ರೀಮಿಯಂ, ಅಂದರೆ ಆಪ್ಷನ್ನಿನ ಬೆಲೆ, 29,500 ರೂಪಾಯಿ. ಅಷ್ಟೇ ಲಾಟಿನಲ್ಲಿ ಸ್ಪ್ರೆಡ್ ಮಾಡಿದ್ದರೆ ಉಳಿಯುತ್ತಿದ್ದುದು 32ರಂತೆ 8,000 ರೂಪಾಯಿ ಮಾತ್ರ. ಈ ವ್ಯತ್ಯಾಸವೇ ಜನರನ್ನು ಸ್ಪ್ರೆಡ್ಡಿನಿಂದ ದೂರ ಇಡುವುದು. ಆದರೆ ಸ್ಪ್ರೆಡ್ ಮಾಡಿದವನಿಗೆ ನಿಫ್ಟಿ ಎಷ್ಟೇ ಕುಸಿದರೂ ಎಕ್ಸ್‌ಪೈರಿಯಲ್ಲಿ ಆಗುವ ಗರಿಷ್ಠ ನಷ್ಟ, ಎರಡು ಸ್ಟ್ರೈಕ್‌ಗಳ (22,500 ಮತ್ತು 22,300 ಎಂಬ ಕರಾರಿನ ಮಟ್ಟಗಳ) ನಡುವಿನ 200ರಲ್ಲಿ ಬಂದ 32 ಕಳೆದರೆ ಉಳಿಯುವ 168. ಹತ್ತು ಲಾಟಿಗೆ ಅದು 42,000 ರೂಪಾಯಿ. 22,500 ಪುಟ್ಟನ್ನು ಬರಿದೇ ಮಾರಿದವನಿಗೆ ಇಂಥ ಹತ್ತಿರದ ಮಿತಿ ಇಲ್ಲ; ನಿಫ್ಟಿ ಇಳಿದಷ್ಟೂ ನಷ್ಟ ಬೆಳೆಯುತ್ತದೆ.

ಜೂನ್ 4ರ ಮಂಗಳವಾರ ಮತ ಎಣಿಕೆ. ನಿಫ್ಟಿ ಮಧ್ಯಾಹ್ನದ ಹೊತ್ತಿಗೆ 21,281ರವರೆಗೆ ಇಳಿದು, ಕೊನೆಗೆ 21,884ರಲ್ಲಿ, ಹಿಂದಿನ ದಿನಕ್ಕಿಂತ 1,379 ಅಂಶ ಕೆಳಗೆ ಮುಗಿಯಿತು. ಮಾರುಕಟ್ಟೆ ಎಷ್ಟು ಏರಿಳಿಯಬಹುದೆಂಬ ನಿರೀಕ್ಷೆಯನ್ನು ಅಳೆಯುವ ಇಂಡಿಯಾ ವಿಕ್ಸ್ ನಡುವೆ 31 ದಾಟಿತ್ತು. ಭಾವ ಬೆಳಿಗ್ಗೆಯಿಂದ ತೋಟದ ಕೆಳಗಿನ ಪಟ್ಟೆಯಲ್ಲಿ ಗೊಬ್ಬರ ಹಾಕಿಸುತ್ತಿದ್ದರು. ಅಲ್ಲಿ ಸಿಗ್ನಲ್ ಸಿಗುವುದಿಲ್ಲ, ಕಾಫಿ ಒಣಗಿಸುವ ಕಣದ ಮೂಲೆಗೆ ಬಂದು ನಿಂತರೆ ಮಾತ್ರ ಎರಡು ಗೆರೆ ಬರುತ್ತದೆ. ಊಟಕ್ಕೆಂದು ಕಣದವರೆಗೆ ಬಂದಾಗ ಫೋನಿನಲ್ಲಿ ಒಂದರ ಮೇಲೊಂದು ಮೆಸೇಜ್: ಮಾರ್ಜಿನ್ (ಮಾರಿದವನು ಬ್ರೋಕರ್ ಬಳಿ ಇಡಬೇಕಾದ ಭದ್ರತೆಯ ಹಣ) ಸಾಲದು, ಹಣ ಹಾಕಿ, ಮಾರ್ಜಿನ್ ಸಾಲದು, ಹಣ ಹಾಕಿ. ಕೊನೆಯ ಮೆಸೇಜ್, ಅವರ ಪೊಸಿಷನ್ನನ್ನು ಬ್ರೋಕರ್ ಕಡೆಯಿಂದಲೇ ಸ್ಕ್ವೇರ್ ಆಫ್ ಮಾಡಲಾಗಿದೆ ಎಂಬುದು. 118ಕ್ಕೆ ಮಾರಿದ ಪುಟ್ಟನ್ನು ಸುಮಾರು 870ಕ್ಕೆ ಕೊಂಡು ಮುಗಿಸಲಾಗಿತ್ತು. ನಷ್ಟ 1 ಲಕ್ಷ 88 ಸಾವಿರ. ಇದರಲ್ಲಿ ಬ್ರೋಕರ್‌ನದು ತಪ್ಪೇನೂ ಇರಲಿಲ್ಲ. ನಿಯಮ ಇರುವುದೇ ಹಾಗೆ.

ನನ್ನ ಪರದೆಯಲ್ಲೂ ಆ ಹೊತ್ತಿಗೆ 7,400 ರೂಪಾಯಿ ನಷ್ಟ ಕಾಣುತ್ತಿತ್ತು. ನನ್ನ ಗರಿಷ್ಠ ನಷ್ಟ 8,400 ಎಂದು ಹಿಂದಿನ ದಿನವೇ ಬರೆದಿಟ್ಟಿದ್ದೆ. ಆ ಮೊತ್ತ ಹೋದರೂ ಹೋಗಲಿ ಎಂದು ಸುಮ್ಮನೆ ಕುಳಿತೆ. ಯಾರೂ ಹೆಚ್ಚಿನ ಮಾರ್ಜಿನ್ ಕೇಳಲಿಲ್ಲ.

ಮುಂದೆ ಆದದ್ದನ್ನು ದಯವಿಟ್ಟು ಗಮನವಿಟ್ಟು ಓದಿ. ಬುಧವಾರ ನಿಫ್ಟಿ 22,620ಕ್ಕೆ ಮರಳಿತು. ಗುರುವಾರ, ಎಕ್ಸ್‌ಪೈರಿಯ ದಿನ, 22,821ರಲ್ಲಿ ಮುಗಿಯಿತು. ಅಂದರೆ 22,500 ಪುಟ್ ಬೆಲೆಯಿಲ್ಲದೆ ಹೋಯಿತು. ಭಾವನ ಅಂದಾಜು ಸಂಪೂರ್ಣ ಸರಿಯಾಗಿತ್ತು. ಗುರುವಾರದವರೆಗೆ ತಡೆದು ನಿಲ್ಲಲು ಸಾಧ್ಯವಾಗಿದ್ದರೆ 29,500 ರೂಪಾಯಿಯೂ ಅವರದೇ ಆಗುತ್ತಿತ್ತು. ಅದೇ ಅಂದಾಜಿನ ಮೇಲೆ ಹೊರಟ ನನಗೆ 1,600 ರೂಪಾಯಿ ಸಿಕ್ಕಿತು, ಅವರು ಸುಮಾರು ಎರಡು ಲಕ್ಷ ಕಳೆದುಕೊಂಡರು. ನಷ್ಟಕ್ಕೆ ಮಿತಿ ಹಾಕುವುದೇ ಸ್ಪ್ರೆಡ್ಡಿನ ಉಪಯೋಗ ಎಂದು ಎಲ್ಲರೂ ಹೇಳುತ್ತಾರೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಉಪಯೋಗವೆಂದರೆ, ನಡುವಿನ ಬಿರುಗಾಳಿಯಲ್ಲಿ ಯಾರೂ ನಮ್ಮನ್ನು ಎಬ್ಬಿಸಿ ಕಳಿಸದಂತೆ ಅದು ನೋಡಿಕೊಳ್ಳುತ್ತದೆ. ಎಂಬತ್ತಾರು ರೂಪಾಯಿ ಕೊಟ್ಟು ನಾನು ಕೊಂಡದ್ದು ಆ ಎರಡು ದಿನಗಳನ್ನು.

ಹಾಗೆಂದು ನನ್ನ ಗೆಲುವನ್ನು ಜಾಣತನವೆಂದು ಹೇಳಿಕೊಳ್ಳಲಾರೆ. 1,600 ಗಳಿಸಲು 8,400 ಒಡ್ಡಿದ ವ್ಯವಹಾರವದು. ಗರಿಷ್ಠ ಲಾಭ, ಗರಿಷ್ಠ ನಷ್ಟ ಎರಡನ್ನೇ ಹಿಡಿದರೆ, 100ರಲ್ಲಿ 84 ಸಲ ಸರಿಯಾದರೆ ಲೆಕ್ಕ ಸಮ, ಅದಕ್ಕಿಂತ ಹೆಚ್ಚು ಸಲ ಸರಿಯಾದರೆ ಮಾತ್ರ ಲಾಭ. ಸ್ಪ್ರೆಡ್ ಎಂಬ ಹೆಸರಿನಿಂದಲೇ ಯಾವ ವ್ಯವಹಾರವೂ ಒಳ್ಳೆಯದಾಗುವುದಿಲ್ಲ.

ಏರಿಳಿತದ ವಿಷಯಕ್ಕೆ ಬಂದರೆ, ಆಪ್ಷನ್ ಕೊಳ್ಳುವವರಿಗೂ ಸ್ಪ್ರೆಡ್ ಅಷ್ಟೇ ಮುಖ್ಯ. ಜೂನ್ 4ರಂದು 27ರ ಹತ್ತಿರ ಮುಗಿದ ವಿಕ್ಸ್ ಮರುದಿನವೇ 19ರ ಸುಮಾರಿಗೆ ಇಳಿಯಿತು. ದೊಡ್ಡ ಸುದ್ದಿಗೆ ಮುಂಚೆ ಪ್ರೀಮಿಯಂ ಉಬ್ಬಿರುತ್ತದೆ, ಸುದ್ದಿ ಹೊರಬಿದ್ದೊಡನೆ ಆ ಉಬ್ಬು ಇಳಿಯುತ್ತದೆ. ಬಜೆಟ್ಟಿನ ಹಿಂದಿನ ದಿನ ಕಾಲ್ (ನಿಫ್ಟಿ ಏರಿದರೆ ಲಾಭ ಕೊಡುವ ಆಪ್ಷನ್) ಕೊಂಡವರು, ಮಾರುಕಟ್ಟೆ ಏರಿದರೂ ನನ್ನ ಕಾಲ್ ಯಾಕೆ ಇಳಿಯಿತು ಎಂದು ನನ್ನನ್ನು ಕೇಳಿದ್ದಾರೆ. ಅವರು ದಿಕ್ಕಿನ ಜೊತೆಗೆ ಉಬ್ಬನ್ನೂ ಹಣ ಕೊಟ್ಟು ಕೊಂಡಿದ್ದರು. ಕೊಂಡ ಕಾಲ್‌ಗಿಂತ ಮೇಲಿನ ಸ್ಟ್ರೈಕಿನ ಕಾಲ್ ಒಂದನ್ನು ಮಾರಿದ್ದರೆ, ಆ ಉಬ್ಬಿನ ಒಂದು ಪಾಲನ್ನು ಅವರೂ ಮಾರಿದಂತಾಗಿ, ಅದು ಇಳಿದಾಗ ಒಂದು ಕಡೆ ಹೋದದ್ದು ಇನ್ನೊಂದು ಕಡೆ ಸ್ವಲ್ಪವಾದರೂ ಮರಳುತ್ತಿತ್ತು. ಬದಲಿಗೆ, ನಿಫ್ಟಿ ಮೇಲಿನ ಸ್ಟ್ರೈಕ್ ದಾಟಿ ಓಡಿದರೆ ಆ ಓಟದ ಲಾಭ ಸಿಗುವುದಿಲ್ಲ. ಅದನ್ನು ಬಿಟ್ಟುಕೊಡಲು ಮನಸ್ಸಿಲ್ಲದವರು ಸ್ಪ್ರೆಡ್ ಮಾಡಲಾರರು.

ಕೆಲಸದಲ್ಲಿ ಎಡವುವ ಜಾಗಗಳೂ ಇವೆ. ಯಾವಾಗಲೂ ರಕ್ಷಣೆಯ ಆಪ್ಷನ್ನನ್ನು ಮೊದಲು ಕೊಂಡು ನಂತರ ಮಾರಬೇಕು; ಹೊರಬರುವಾಗ ಮಾರಿದ್ದನ್ನು ಮೊದಲು ಮುಚ್ಚಬೇಕು. ಕೊಂಡದ್ದನ್ನು ಲಾಭದ ಆಸೆಗೆ ಮೊದಲು ಮಾರಿದರೆ ಆ ಕ್ಷಣದಿಂದಲೇ ಪೂರ್ತಿ ಮಾರ್ಜಿನ್ ಬೇಕಾಗುತ್ತದೆ, ಉಳಿದದ್ದು ಭಾವ ಮಾಡಿದ್ದ ಬರಿಯ ಮಾರಾಟವೇ. ಷೇರುಗಳ ಆಪ್ಷನ್ನಿನಲ್ಲಿ ಸ್ಪ್ರೆಡ್ ಮಾಡುವವರು ಎಕ್ಸ್‌ಪೈರಿಯವರೆಗೆ ಇಟ್ಟುಕೊಳ್ಳಬಾರದು, ಏಕೆಂದರೆ ಅಲ್ಲಿ ಷೇರುಗಳನ್ನೇ ಕೊಟ್ಟು ತೆಗೆದುಕೊಳ್ಳಬೇಕಾಗುತ್ತದೆ. ಬೆಲೆ ಎರಡು ಸ್ಟ್ರೈಕ್‌ಗಳ ನಡುವೆ ನಿಂತರೆ ಜೋಡಿಯ ಒಂದು ಆಪ್ಷನ್ ಉಳಿದು ಇನ್ನೊಂದು ಬೆಲೆಯಿಲ್ಲದೆ ಹೋಗುತ್ತದೆ. ಬೇರೆ ಬೇರೆ ಎಕ್ಸ್‌ಪೈರಿಗಳ ನಡುವಿನ ಕ್ಯಾಲೆಂಡರ್ ಸ್ಪ್ರೆಡ್ಡಿಗೆ ಎಕ್ಸ್‌ಪೈರಿಯ ದಿನ ಸಿಗುತ್ತಿದ್ದ ಮಾರ್ಜಿನ್ ರಿಯಾಯಿತಿಯನ್ನು ಸೆಬಿ 2025ರ ಫೆಬ್ರುವರಿಯಿಂದ ತೆಗೆದಿದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಲಾಟ್ ಹೆಚ್ಚಿಸುವುದು. 2020ರ ಜೂನ್‌ನಿಂದ ಹೆಡ್ಜ್ ಮಾಡಿದ, ಅಂದರೆ ಹೀಗೆ ಇನ್ನೊಂದು ಆಪ್ಷನ್ನಿನ ರಕ್ಷಣೆ ಇರುವ, ಪೊಸಿಷನ್‌ಗಳಿಗೆ ಮಾರ್ಜಿನ್ ಬಹಳ ಕಡಿಮೆಯಾಗಿದೆ. ಉಳಿದ ಹಣದಲ್ಲಿ ಇನ್ನೂ ನಾಲ್ಕು ಪಟ್ಟು ಲಾಟ್ ಹಾಕಬಹುದು ಎಂದು ಮನಸ್ಸು ಹೇಳುತ್ತದೆ. ಹಾಗೆ ಹಾಕಿದವನ ಗರಿಷ್ಠ ನಷ್ಟ ಮಿತಿಯೊಳಗೇ ಇರುತ್ತದೆ, ಆದರೆ ಆ ಮಿತಿಯೇ ಅವನ ಇಡೀ ಬಂಡವಾಳವಾಗಿರುತ್ತದೆ. 2024ರ ನವೆಂಬರ್‌ನಲ್ಲಿ ನಿಫ್ಟಿಯ ಹೊಸ ಕಾಂಟ್ರ್ಯಾಕ್ಟ್‌ಗಳ ಲಾಟ್ 75 ಆದಾಗ, ನನ್ನ ಹಳೆಯ ಸ್ಪ್ರೆಡ್ಡನ್ನೇ ಒಂದು ಲಾಟ್ ಹಾಕಿದರೂ ಒಡ್ಡುವ ಹಣ 4,200ರಿಂದ 12,600ಕ್ಕೆ ಏರಿತು. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹಳೆಯ ಅಭ್ಯಾಸದಲ್ಲೇ ಮುಂದುವರಿದವರ ಪಟ್ಟಿಗಳನ್ನೂ ನಾನು ನೋಡಿದ್ದೇನೆ.

ಭಾವನೊಡನೆ ಆ ವರ್ಷ ಈ ವಿಷಯ ಎತ್ತಲಿಲ್ಲ. ಮುಂದಿನ ಫೆಬ್ರುವರಿ ಕೊನೆಯಲ್ಲಿ ತೋಟಕ್ಕೆ ಹೋದಾಗ ಕೆರೆಗೆ ಪಂಪ್ ಇಳಿಸಿ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹೊಡೆಸುತ್ತಿದ್ದರು. ಪೈಪು ಜೋಡಿಸುವ ಆಳುಗಳ ಕೂಲಿ, ಡೀಸೆಲ್, ರಾತ್ರಿಯ ನಿದ್ದೆ, ಎಲ್ಲವೂ ಕಾಫಿ ಹೂ ಬಿಡಿಸುವ ಹೂಮಳೆಯನ್ನು ನಂಬಿ ಕೂರಬಾರದೆಂದು. ಕೆಲವು ವರ್ಷ ಸ್ಪ್ರಿಂಕ್ಲರ್ ಎತ್ತಿಟ್ಟ ವಾರದಲ್ಲೇ ಒಳ್ಳೆಯ ಮಳೆ ಬರುತ್ತದೆ. ಆಗಲೂ ಅವರು ಡೀಸೆಲ್ ದಂಡವಾಯಿತೆಂದು ಹೇಳಿದ್ದನ್ನು ನಾನು ಕೇಳಿಲ್ಲ. ಕೆರೆ ಏರಿಯ ಮೇಲೆ ನಿಂತು ಅದನ್ನೇ ಕೇಳಿದೆ: "ಇದಕ್ಕೆ ಇಷ್ಟು ಖರ್ಚು ಮಾಡ್ತೀರಿ, ಆ ಎಂಬತ್ತಾರು ರೂಪಾಯಿ ಯಾಕೆ ಭಾವ ಹೆಚ್ಚಾಯ್ತು?" ಅವರು ಬಹಳ ಹೊತ್ತು ನೀರು ತಿರುಗುವುದನ್ನೇ ನೋಡುತ್ತಿದ್ದರು. "ಇದು ಕಣ್ಣಿಗೆ ಕಾಣುತ್ತೆ" ಎಂದರು.

ಈಚೆಗೆ ಪೇಟೆಗೆ ಬಂದಿದ್ದಾಗ ತೋಟದ ಚೆಕ್‌ರೋಲ್ (ಆಳುಗಳ ಹಾಜರಿ) ಪುಸ್ತಕದ ಕೊನೆಯ ಹಾಳೆ ತೆರೆದು ನನ್ನ ಮುಂದಿಟ್ಟರು. ಎರಡು ಸ್ಟ್ರೈಕ್, ಬರುವ ಪ್ರೀಮಿಯಂ, ಕೊಡುವ ಪ್ರೀಮಿಯಂ, ಲಾಟ್ ನಾಲ್ಕು ಎಂದು ಪೆನ್ಸಿಲಿನಲ್ಲಿ ಬರೆದಿದ್ದರು. ಹೋಗಬಹುದಾದ ಹಣದ ಜಾಗ ಖಾಲಿ ಇತ್ತು. ನಾನು ಗುಣಿಸಿ ಬರೆದುಕೊಟ್ಟೆ. ಅದನ್ನು ನೋಡಿ, ಒಂದು ಸುತ್ತಿನ ಗೊಬ್ಬರದ ಖರ್ಚು ಇಷ್ಟೇ ಅಲ್ಲವೇನೋ ಎಂದು ಕೇಳಿ, ನಾಲ್ಕನ್ನು ಅಳಿಸಿ ಒಂದು ಎಂದು ಬರೆದರು.